ಗ್ಲಿಟರ್ ಪುಡಿ ಬಿಟ್ವಿ, ಪೆನ್ನೂ ಬದಲಾಯಿಸಿದ್ವಿ, ಯಾಕೆ ಅಂತ ಹೇಳ್ತೀವಿ

ನಮ್ಮ ಕಾರ್ಡ್ ತಗೊಳ್ಳೋ ಎಲ್ಲರಿಗೂ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ನಮಸ್ಕಾರ.

ಗೌರಿ ಹಬ್ಬದ ಆರ್ಡರ್‌ಗಳು ಶುರುವಾಗೋ ಮುಂಚೆನೇ ಹೇಳ್ಬಿಡೋಣ ಅಂತ ಈ ಪತ್ರ. ಇನ್ಮೇಲೆ ನಮ್ಮ ಹೆಂಗಸರ ಸಂಘದಲ್ಲಿ ಕೈಯಲ್ಲೇ ಬರೆದು ಮಾಡೋ ಶುಭಕಾರ್ಯದ ಕಾರ್ಡ್‌ಗಳಲ್ಲಿ ಗ್ಲಿಟರ್ ಪುಡಿ ಇರಲ್ಲ, ಮಿನುಗು ಏನಿದ್ರೂ ಪೆನ್ನಿಂದ ಮಾತ್ರ. ಆ ಗ್ಲಿಟರ್ ಪೆನ್ನಲ್ಲೂ ಹೆಸರು ಬರೆಯಲ್ಲ, ಹೂವು ಬಳ್ಳಿ ಅಂಚು ಚುಕ್ಕಿ ಅಷ್ಟೇ. ಕಾರ್ಡಿಗೆ 6 ರೂಪಾಯಿ ಜಾಸ್ತಿ ಆಗುತ್ತೆ, ಮಳೆಗಾಲದ ಆರ್ಡರ್‌ಗೆ 7 ದಿನದ ಬದಲು 12 ದಿನ ಬೇಕು. ಟೈಮಿಲ್ಲದವರು ಇಷ್ಟು ಓದಿದ್ರೆ ಸಾಕು, ಆದ್ರೆ ಕಾರಣ ಹೇಳದೆ ಸುಮ್ನೆ ರೇಟ್ ಏರಿಸೋದು ನಮಗ್ಯಾರಿಗೂ ಸರಿ ಅನ್ನಿಸ್ಲಿಲ್ಲ, ಅದಕ್ಕೇ ಉಳಿದಿದ್ದನ್ನ ವಿವರವಾಗಿ ಬರೀತಿದೀವಿ.

ಪುಡಿ ವಿಷಯ ಮೊದಲು. ಫೆವಿಕಾಲ್ ಹಚ್ಚಿ ಮೇಲೆ ಗ್ಲಿಟರ್ ಪುಡಿ ಉದುರಿಸಿ ಕೊಡವೋದು, ನಾವು ಶುರು ಮಾಡಿದಾಗಿಂದ ಹಾಗೇ ಮಾಡ್ತಿದ್ವಿ, ನೋಡೋಕೂ ಫಳಫಳ ಅಂತಿತ್ತು. ಕಳೆದ ವರ್ಷ ನಾಮಕರಣಕ್ಕೆ ಅಂತ ಕಾರ್ಡ್ ತಗೊಂಡ ಒಬ್ಬ ಅಕ್ಕ ಫೋನ್ ಮಾಡಿ, ತೊಟ್ಟಿಲಿಗೆ ಅಲಂಕಾರಕ್ಕೆ ಅಂತ ಕಾರ್ಡ್ ಕಟ್ಟಿದ್ದೆ, ಪುಡಿ ಉದುರಿ ಮಗು ಹಾಸಿಗೆ ಮೇಲೆಲ್ಲ ಬಿದ್ದಿದೆ, ಕೆನ್ನೆ ಮೇಲೂ ಅಂಟಿದೆ ಅಂದ್ರು. ಅವರು ಜಗಳ ಆಡ್ಲಿಲ್ಲ, ಮಗುಗೂ ಏನೂ ಆಗ್ಲಿಲ್ಲ, ಆದ್ರೂ ಅವತ್ತು ನಮ್ಮಲ್ಲಿ ಯಾರಿಗೂ ಕೆಲಸ ಮಾಡೋ ಮನಸ್ಸೇ ಬರ್ಲಿಲ್ಲ. ಅದು ಕಣ್ಣಿಗೆ ಹೋಗಿದ್ರೆ ಏನು ಕಥೆ ಅಂತ. ಆ ಪುಡಿ ಅಂದ್ರೆ ಬಹುಪಾಲು ತೆಳ್ಳನೆ ಪ್ಲಾಸ್ಟಿಕ್ ಹಾಳೆಗೆ ಅಲ್ಯೂಮಿನಿಯಂ ಲೇಪ ಕೊಟ್ಟು ಸಣ್ಣದಾಗಿ ಕತ್ತರಿಸಿದ್ದು, ನೆಲದ ಮೇಲೆ ಬಿದ್ರೆ ತಿಂಗಳಾದ್ರೂ ಗುಡಿಸಿ ಮುಗಿಯಲ್ಲ, ಕೊನೆಗೆ ಬಚ್ಚಲ ನೀರಲ್ಲಿ ಹೋಗಿ ಹಳ್ಳ ಸೇರುತ್ತೆ. ಯುರೋಪಿಯನ್ ಯೂನಿಯನ್ ದೇಶಗಳಲ್ಲಿ 2023ರ ಅಕ್ಟೋಬರ್ 17ರಿಂದ ಕರಕುಶಲ ಕೆಲಸದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಹೊಸದಾಗಿ ಮಾರುಕಟ್ಟೆಗೆ ಬಿಡೋದನ್ನೇ ನಿಲ್ಲಿಸಿದಾರೆ. ಪೆನ್ನೊಳಗಿನ ಗ್ಲಿಟರ್ ಕೂಡ ಎಷ್ಟೋ ಕಡೆ ಪ್ಲಾಸ್ಟಿಕ್ಕೇ, ಅದನ್ನ ಮುಚ್ಚಿಡಲ್ಲ. ಆದ್ರೆ ಅದು ಇಂಕಿನ ಜೊತೆ ಕಾಗದಕ್ಕೆ ಕಚ್ಕೊಂಡು ಒಣಗುತ್ತೆ, ಉದುರಲ್ಲ, ಮತ್ತೆ ಒಂದು ಚಮಚ ಪುಡಿ ಬೇಕಾಗ್ತಿದ್ದ ಜಾಗದಲ್ಲಿ ನಾಕು ಗೆರೆ ಸಾಕಾಗುತ್ತೆ.

ಸರಿ ಪುಡಿ ಬಿಟ್ವಿ, ಪೆನ್ನು ತಂದ್ವಿ, ಮುಗೀತು ಅಂದ್ಕೊಂಡ್ವಿ. ಮುಗೀಲಿಲ್ಲ.

ಕಳೆದ ಶ್ರಾವಣದಲ್ಲಿ ಒಂದು ಮನೆ ಗೃಹಪ್ರವೇಶಕ್ಕೆ 120 ಕಾರ್ಡ್ ಇತ್ತು. ಬರೆದು ಮುಗಿಸಿ ಮಾರನೇ ದಿನ ಬೆಳಿಗ್ಗೆ ಒಂದೊಂದೇ ಪ್ಲಾಸ್ಟಿಕ್ ಕವರಿಗೆ ಹಾಕಿ ಪಾರ್ಸಲ್ ಮಾಡಿದ್ವಿ, ಮುಟ್ಟಿ ನೋಡಿದಾಗ ಒಣಗಿತ್ತು. ಅವರ ಮನೇಲಿ ತೆಗೆದು ನೋಡಿದ್ರೆ ಅರ್ಧಕ್ಕರ್ಧ ಗ್ಲಿಟರ್ ಕವರಿಗೆ ಅಂಟಿ ಅಕ್ಷರ ಕವರಿನ ಮೇಲೆ ಉಲ್ಟಾ ಮೂಡಿದೆ, ಕಾರ್ಡಲ್ಲಿ ಬರೀ ಮಂಕು ಕಲೆ. ದುಡ್ಡು ವಾಪಸ್ ಕೊಟ್ವಿ, ಆದ್ರೆ ಅವರ ಕೈಗೆ ಹೊತ್ತಿಗೆ ಸರಿಯಾಗಿ ಕಾರ್ಡ್ ಸಿಗ್ಲಿಲ್ವಲ್ಲ, ಅದು ದುಡ್ಡಿಂದ ಸರಿಹೋಗೋದಲ್ಲ. ಗ್ಲಿಟರ್ ಪೆನ್ನಿನ ಇಂಕು ನೀರಿನ ಆಧಾರದ್ದು, ದಪ್ಪಗೆ ಕೂರುತ್ತೆ, ಮೇಲೆ ತೊಗಲು ಕಟ್ಟಿದ ಮೇಲೂ ಒಳಗೆ ಹಸಿ ಇರುತ್ತೆ, ಹಾಲಿನ ಕೆನೆ ಥರ. ಬೆಂಗಳೂರಿನ ಬೇಸಿಗೇಲಿ ಕಾಲು ಗಂಟೇಲಿ ಒಣಗೋದು ಇಲ್ಲಿ ಜುಲೈ ಆಗಸ್ಟಲ್ಲಿ, ಗೋಡೆ ಮುಟ್ಟಿದ್ರೂ ಕೈ ಒದ್ದೆಯಾಗೋ ಹೊತ್ತಲ್ಲಿ, ಇಡೀ ದಿನ ತಗೊಳ್ಳುತ್ತೆ. ಬಚ್ಚಲ ಒಲೆ ಹತ್ರ ಇಟ್ಟು ನೋಡಿದ್ವಿ, ಕಾಗದ ಹಪ್ಪಳದ ಹಾಗೆ ಮುದುರಿಕೊಂಡು ಹೊಗೆ ವಾಸನೆ ಬಂತು. ಈಗ ಹಗ್ಗ ಕಟ್ಟಿ ಕ್ಲಿಪ್ ಹಾಕಿ ಎರಡು ರಾತ್ರಿ ನೇತು ಹಾಕ್ತೀವಿ, ಆಮೇಲೆ ಬೆಣ್ಣೆ ಕಾಗದ ಮುಚ್ಚಿ ಪ್ಯಾಕ್ ಮಾಡ್ತೀವಿ, ಪ್ಲಾಸ್ಟಿಕ್ ನೇರ ತಾಗಲ್ಲ. 12 ದಿನ ಯಾಕೆ ಅಂತ ಕೇಳೋರಿಗೆ ಇದೇ ಉತ್ತರ.

ಇನ್ನು ಹೆಸರಿನ ವಿಷಯ, ನಮ್ಮ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಗ್ಲಿಟರ್ ಪೆನ್ನಿನ ಮೊನೇಲಿರೋ ಬಾಲು ಸಾಮಾನ್ಯವಾಗಿ 1.0 ಎಂಎಂ, ಅದಕ್ಕಿಂತ ತೀರಾ ಸಣ್ಣ ಮಾಡಿದ್ರೆ ಮಿನುಗಿನ ಚೂರು ಸಿಕ್ಕಾಕ್ಕೊಳ್ಳುತ್ತೆ. ಇಂಗ್ಲಿಷ್ ಅಕ್ಷರಕ್ಕೆ ಅದು ನಡೆಯುತ್ತೆ. ನಮ್ಮ ಅಕ್ಷರ ಗುಂಡಗಿರೋದು, ಒಳಗೆ ಸಣ್ಣ ಸಣ್ಣ ಸಂದು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಸ್ಕೂಲಲ್ಲಿ ಮೇಷ್ಟ್ರು ಹೊಟ್ಟೆ ಸೀಳು ಅಂತ ಹೇಳಿಕೊಟ್ಟ ‘ಧ’ ಇದೆಯಲ್ಲ, ಆ ಸೀಳು ದಪ್ಪ ಇಂಕಲ್ಲಿ ಮುಚ್ಚಿಹೋಗಿ ‘ದ’ ಆಗ್ಬಿಡುತ್ತೆ. ‘ಧನ್ಯವಾದಗಳು’ ಅಂತ ಬರೆದ ಒಂದು ಕಂತೆ ಕಾರ್ಡು ಒಣಗಿದ ಮೇಲೆ ‘ದನ್ಯವಾದಗಳು’ ಆಗಿತ್ತು, ಬರೆದವರ ತಪ್ಪಲ್ಲ, ಬರೆಯುವಾಗ ಸೀಳು ಇತ್ತು, ಇಂಕು ಹರಡಿ ಕೂಡ್ಕೊಂಡಿದೆ. ‘ಭ’ಗೂ ಅದೇ ಗತಿ. ‘ಠ’ದ ಹೊಟ್ಟೆಯೊಳಗಿನ ಚುಕ್ಕಿ ಕಾಣಲ್ಲ, ಸೊನ್ನೆ ಹೋಗಿ ಬರೀ ಬೊಟ್ಟಾಗುತ್ತೆ, ‘ಲಕ್ಷ್ಮೀ’ ಅಂತ ಬರೆದ್ರೆ ಕ್ಷ ಕೆಳಗಿನ ಮ ಒತ್ತು ಒಂದು ಹೊಳೆಯೋ ಮುದ್ದೆ. ಇದನ್ನ ತಪ್ಪಿಸೋಕೆ ಅಕ್ಷರಾನ ಒಂದು ಇಂಚು ಎತ್ತರ ಬರೀಬೇಕು, ಅಷ್ಟು ಜಾಗ ಕಾರ್ಡಲ್ಲಿ ಎಲ್ಲಿದೆ. ಒಬ್ಬರ ಹೆಸರನ್ನ ಅವರ ಮನೆ ಶುಭಕಾರ್ಯದ ಕಾರ್ಡಲ್ಲಿ ತಪ್ಪಾಗಿ ಕಾಣೋ ಹಾಗೆ ಕೊಡೋದು ನಮ್ಮ ಕೈಲಾಗಲ್ಲ. ಅದಕ್ಕೇ ಹೆಸರು ಇನ್ಮೇಲೆ 0.5 ಎಂಎಂ ಮೊನೆಯ ಕಪ್ಪು ಅಥವಾ ಕಡು ಕೆಂಪು ಸಾದಾ ಜೆಲ್ ಪೆನ್ನಲ್ಲಿ, ಅದರ ಸುತ್ತ ಗ್ಲಿಟರ್ ಚುಕ್ಕಿ ಅಥವಾ ಬಳ್ಳಿ. ಹೆಸರೂ ಮಿನುಗಲೇಬೇಕು ಅನ್ನೋರಿಗೆ ಒಂದು ದಾರಿ ಇದೆ, ಮೊದಲ ಅಕ್ಷರ ಮಾತ್ರ ದೊಡ್ಡದಾಗಿ ಗ್ಲಿಟರಲ್ಲಿ ಬರೆದು ಉಳಿದಿದ್ದನ್ನ ಸಾದಾ ಪೆನ್ನಲ್ಲಿ ಬರೆಯೋದು, ಅದು ನಿಜವಾಗ್ಲೂ ಚೆನ್ನಾಗಿ ಕಾಣುತ್ತೆ, ಸ್ಯಾಂಪಲ್ ಫೋಟೋ ಕೇಳಿದ್ರೆ ಕಳಿಸ್ತೀವಿ.

ಪೆನ್ನು ಆರಿಸೋಕೆ ನಮಗೆ ಎರಡು ತಿಂಗಳು ಹಿಡೀತು. ಅಂಗಡೀಲಿ ಎಲ್ಲರೂ ಮಾಡೋ ಹಾಗೆ ನಾವೂ ಮುಚ್ಚಳದ ಬಣ್ಣ ನೋಡಿ, ಅಲ್ಲಿಟ್ಟಿರೋ ಬಿಳಿ ಚೀಟಿ ಮೇಲೆ ಗೀಚಿ ತಗೊಂಡು ಬರ್ತಿದ್ವಿ. ಆದ್ರೆ ಕಾರ್ಡ್ ಮಾಡೋದು ಆ ಚೀಟಿ ಮೇಲಲ್ಲವಲ್ಲ. ಈ ಸಲ ನಾವು ಬಳಸೋ ನಾಕು ಥರದ ಕಾಗದದ ತುಂಡು ಬ್ಯಾಗಲ್ಲಿಟ್ಟುಕೊಂಡೇ ಹೋದ್ವಿ, ಬಿಳಿ ನುಣುಪು ರಟ್ಟು, ಕಂದು ಕ್ರಾಫ್ಟ್, ಕಪ್ಪು, ಮತ್ತೆ ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದ. ಒಂದೇ ಪೆನ್ನು ನಾಕರ ಮೇಲೂ ನಾಕು ಥರ ಕಂಡಿತು. ಮಾಮೂಲಿ ಗ್ಲಿಟರ್ ಜೆಲ್ಲಿನ ಬಣ್ಣ ಗಾಜಿನ ಹಾಗೆ ಪಾರದರ್ಶಕ, ಬಿಳಿ ಮೇಲೆ ಸೊಗಸು, ಕಪ್ಪು ಮೇಲೆ ಬಣ್ಣವೇ ಮಾಯ, ಮಿನುಗು ಮಾತ್ರ ಅಲ್ಲಲ್ಲಿ. ಕಪ್ಪಿಗೆ ಮೆಟಾಲಿಕ್ ಪೆನ್ನು, ಅಂದ್ರೆ ಲೋಹದ ಥರ ಹೊಳೆಯೋದು ಬೇಕು, ಅದರ ಬಣ್ಣ ಗಟ್ಟಿ, ಕೆಳಗಿನದ್ದನ್ನ ಮುಚ್ಚುತ್ತೆ. ಮೆಟಾಲಿಕ್ ಹೊಳಪು ಎಷ್ಟೋ ಸಲ ಬರೋದು ಅಭ್ರಕದ ನುಣ್ಣನೆ ಪುಡಿಯಿಂದ, ಅಂದ್ರೆ ನಾವೆಲ್ಲ ಚಿಕ್ಕವರಿದ್ದಾಗ ಹೊಳೆ ಮರಳಲ್ಲಿ ಹುಡುಕಿ ಬೆಂಕಿಪೊಟ್ಟಣದಲ್ಲಿ ಕೂಡಿಡ್ತಿದ್ವಲ್ಲ ಆ ಕಾಗೆ ಬಂಗಾರ, ಅದು ಗೊತ್ತಾದಾಗ ನಮ್ಮ ಹಿರಿಯಕ್ಕಂಗೆ ಆದ ಖುಷಿ ನೋಡ್ಬೇಕಿತ್ತು. ಪೆಂಟೆಲ್‌ನವರ ಡ್ಯುಯಲ್ ಮೆಟಾಲಿಕ್ ಅಂತ ಒಂದು ಬರುತ್ತೆ, ಬಿಳಿ ಮೇಲೆ ಒಂದು ಬಣ್ಣ ಕಪ್ಪು ಮೇಲೆ ಇನ್ನೊಂದು, ಕಪ್ಪು ಕಾರ್ಡಿಗೆ ನಮಗೆ ಅದು ಹಿಡಿಸ್ತು. ಬಿಳಿ ಮತ್ತೆ ಕೆನೆ ಬಣ್ಣದ ಕಾರ್ಡಿಗೆ ಸಕುರಾ ಕಂಪನಿಯ ಜೆಲ್ಲಿ ರೋಲ್ ಸ್ಟಾರ್‌ಡಸ್ಟ್ ಅನ್ನೋ ಗ್ಲಿಟರ್ ಪೆನ್ನು. ಈ ಜೆಲ್ ಪೆನ್ ಅನ್ನೋದನ್ನ ಮೊದಲು ತಂದಿದ್ದೇ ಅವರು, ಜಪಾನಿನ ಒಸಾಕಾ ಕಂಪನಿ, 1984ರಲ್ಲಿ. ಇಂಕು ಸುಮ್ಮನಿದ್ದಾಗ ದಪ್ಪ, ಬಾಲು ಉರುಳಿದಾಗ ತೆಳು ಆಗ್ಬೇಕು, ಆಗ ಮಾತ್ರ ಮಿನುಗಿನ ಚೂರು ತಳ ಸೇರದೆ ತೇಲಿಕೊಂಡಿರುತ್ತೆ, ಗುಟ್ಟೆಲ್ಲ ಆ ದಪ್ಪದಲ್ಲೇ ಇದೆ. ರೇಟು ಜಾಸ್ತಿ ಹೌದು. 12 ಬಣ್ಣದ ಅಗ್ಗದ ಸೆಟ್ಟುಗಳನ್ನೂ ತಂದು ನೋಡಿದ್ವಿ, ಒಂದು ಸೆಟ್ಟಲ್ಲಿ ಐದು ಪೆನ್ನು ಅರ್ಧ ಗೆರೆ ಎಳೆಯೋವಾಗ್ಲೇ ನಿಂತುಹೋದ್ವು, ತಿರುಗಿ ಅದೇ ಗೆರೆ ಮೇಲೆ ಎಳೆದ್ರೆ ಜೋಡು ಗೆರೆ, ಕಾರ್ಡ್ ವೇಸ್ಟು. ಲೆಕ್ಕ ಹಾಕಿದ್ರೆ ಅಗ್ಗದ್ದೇ ದುಬಾರಿ ಬಿತ್ತು.

ಬ್ರಷ್ ಥರ ಮೊನೆ ಇರೋ ಗ್ಲಿಟರ್ ಪೆನ್ನೂ ಇದೆ, ಅದು ದಳಗಳ ಮೇಲೆ ತೆಳ್ಳಗೆ ಬಳಿಯೋಕೆ ಒಳ್ಳೇದು, ಆದ್ರೆ ಕೆಳಗಿರೋ ಸ್ಕೆಚ್ ಪೆನ್ ಬಣ್ಣ ಕದಡಿ ಹರಿಯುತ್ತೆ, ನೋಡ್ಕೊಳ್ಳಿ.

ಕೈಕಾಗದದ್ದು ಬೇರೆಯೇ ಪಾಡು. ನಮಗೆ ಆ ಕಾಗದ ಅಂದ್ರೆ ಪ್ರಾಣ, ಬಿಡೋ ಮಾತೇ ಇಲ್ಲ. ಆದ್ರೆ ಅದರ ಮೈ ಒರಟು, ಹತ್ತಿ ಎಳೆ ಎದ್ದಿರುತ್ತೆ, ಬಾಲು ಆ ಎಳೆನ ಎಳ್ಕೊಂಡು ಒಳಗೆ ಸಿಕ್ಕಿಸಿಕೊಂಡ್ರೆ ಆ ಪೆನ್ನಿನ ಕಥೆ ಅಲ್ಲಿಗೆ ಮುಗೀತು. ಹೋದ ವರ್ಷ ನಮ್ಮ ಅರ್ಧ ಪೆನ್ನು ಹಾಗೇ ಹಾಳಾಗಿದ್ದು. ಅದಕ್ಕೇ ಈಗ ಕಾರ್ಡ್ ಪೂರ್ತಿ ಕೈಕಾಗದದ್ದೇ ಇರುತ್ತೆ, ಬರೆಯೋ ಜಾಗಕ್ಕೆ ಮಾತ್ರ 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಗೋ) ನುಣುಪು ಕಾಗದದ ಪಟ್ಟಿ ಕತ್ತರಿಸಿ ಅಂಟಿಸ್ತೀವಿ. ಆ 6 ರೂಪಾಯೀಲಿ ಈ ಪಟ್ಟಿ, ಬೆಣ್ಣೆ ಕಾಗದ, ಪೆನ್ನಿನ ಹೆಚ್ಚಿನ ಖರ್ಚು ಮೂರೂ ಸೇರಿದೆ, ಮಾಡೋ ಹೆಂಗಸರ ಕೂಲಿ ಕಡಿಮೆ ಮಾಡಿ ರೇಟು ಹಿಡಿದಿಡೋ ದಾರಿ ನಾವು ಹಿಡಿಯಲ್ಲ.

ಇನ್ನೊಂದು ಬದಲಾವಣೆ, ಇದಕ್ಕೆ ಕೆಲವರಿಗೆ ಬೇಜಾರಾಗಬಹುದು. ಹಸೆ ಚಿತ್ತಾರದ ಕಾರ್ಡಲ್ಲಿ ಇನ್ಮೇಲೆ ಗ್ಲಿಟರ್ ಹಾಕಲ್ಲ. ಚಿನ್ನದ ಬಣ್ಣ ಸೇರಿಸಿ ಅಂತ ತುಂಬ ಜನ ಕೇಳ್ತಿದ್ರು, ಒಂದಷ್ಟು ದಿನ ಮಾಡಿಯೂ ಕೊಟ್ವಿ. ಆದ್ರೆ ನಮ್ಮ ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಅಕ್ಕಿ ಬಿಳುಪಿನ ಗೆರೆ ಎಳೀತಾರಲ್ಲ, ಅದರ ಚೆಂದ ಇರೋದೇ ಆ ನೇರ, ತೆಳು, ಒಂದೇ ಸಮ ಗೆರೇಲಿ. ಗ್ಲಿಟರ್ ಗೆರೆ ಬೆಳಕಿಗೆ ಅಲ್ಲಲ್ಲಿ ಮಿನುಗಿ ಆ ಒಂದೇ ಸಮ ಇರೋದನ್ನ ಕೆಡಿಸುತ್ತೆ. ನಮ್ಮಲ್ಲಿ ಚಿತ್ತಾರ ಬರೆಯೋ ಅಮ್ಮ ಒಬ್ಬರು ಮೊದಲಿಂದ್ಲೂ ಬೇಡ ಅಂತಾನೇ ಇದ್ರು, ಅವರ ಮಾತು ನಾವು ಮೊದಲೇ ಕೇಳ್ಬೇಕಿತ್ತು.

ಮನೇಲೇ ಕಾರ್ಡ್ ಮಾಡೋಕೆ ಅಂತ ನಮ್ಮ ಕಿಟ್ ತಗೊಳ್ಳೋ ಟೀಚರ್‌ಗಳು, ಮಕ್ಕಳ ಅಮ್ಮಂದಿರು ಇದ್ದೀರಲ್ಲ, ನಿಮಗೆ: ಮುಂಚೆ ಆರು ಬಣ್ಣದ ಗ್ಲಿಟರ್ ಪೆನ್ ಹಾಕ್ತಿದ್ವಿ, ಈಗ ನಾಕೇ ಪೆನ್ನು, ಎರಡು ಗ್ಲಿಟರ್, ಒಂದು ಮೆಟಾಲಿಕ್, ಒಂದು 0.5 ಕಪ್ಪು ಜೆಲ್. ಕಡಿಮೆ ಕೊಟ್ರು ಅನ್ಕೋಬೇಡಿ, ಆ ಆರರಲ್ಲಿ ಹಳದಿ ಮತ್ತೆ ತಿಳಿ ಗುಲಾಬಿ ಕೆನೆ ಕಾಗದದ ಮೇಲೆ ಕಾಣ್ತಾನೇ ಇರ್ಲಿಲ್ಲ, ಸುಮ್ನೆ ಡಬ್ಬೀಲಿ ಒಣಗ್ತಿದ್ವು. ಗ್ಲಿಟರ್ ಬಣ್ಣ ನೀವೇ ಆರಿಸಬಹುದು, ಕೆಂಪು, ನೇರಳೆ, ಕಡು ಹಸಿರು, ನೀಲಿ ಇವು ಕಪ್ಪು ಬಿಟ್ಟು ಉಳಿದ ಕಾಗದಕ್ಕೆಲ್ಲ ಒಗ್ಗುತ್ತೆ. ರಾಜ್ಯೋತ್ಸವಕ್ಕೆ ಹಳದಿ ಬೇಕೇ ಬೇಕು ಅಂದ್ರೆ ಮೊದಲು ಸಾದಾ ಹಳದಿ ಸ್ಕೆಚ್ ಪೆನ್ನಲ್ಲಿ ತುಂಬಿ, ಪೂರ್ತಿ ಒಣಗಿದ ಮೇಲೆ ಗ್ಲಿಟರ್ ಚುಕ್ಕಿ ಇಡಿ. ಎಡಗೈಲಿ ಬರೆಯೋ ಮಕ್ಕಳಿದ್ರೆ ಕಾರ್ಡನ್ನ ಓರೆ ಇಟ್ಟುಕೊಳ್ಳೋಕೆ ಹೇಳಿ, ಅಂಗೈ ಕೆಳಗೆ ಒಂದು ಚೀಟಿ ಇಡಿ, ಇಲ್ಲಾಂದ್ರೆ ಬರೆದಿದ್ದೆಲ್ಲ ಕೈಗೆ ಒರೆಸಿಕೊಳ್ಳುತ್ತೆ ಪಾಪ. ಪೆನ್ನನ್ನ ಒತ್ತಿ ಬರೀಬಾರದು, ನಿಧಾನ ಎಳೆದ್ರೆ ಇಂಕು ತಾನೇ ಬರುತ್ತೆ. ಮಲಗಿಸಿ ಇಡಿ, ಇಲ್ಲಾ ಮೊನೆ ಕೆಳಗೆ ಮಾಡಿ ಲೋಟದಲ್ಲಿ ನಿಲ್ಲಿಸಿ. ರೀಫಿಲ್ ಹಿಂದೆ ಪಾರದರ್ಶಕ ಲೋಳೆ ಕಾಣುತ್ತಲ್ಲ, ಅದು ಕಸ ಅಲ್ಲ, ಇಂಕು ಒಣಗದೆ ಇರ್ಲಿ ಅಂತ ಹಾಕಿರೋದು, ಮಕ್ಕಳು ಅಲ್ಲಿಂದ ಊದದೆ ಇರೋ ಹಾಗೆ ನೋಡ್ಕೊಳ್ಳಿ.

ಈಗಾಗ್ಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ರೇಟೇ, ಆದ್ರೆ ಕಾರ್ಡ್ ಹೊಸ ರೀತಿಲೇ ಬರುತ್ತೆ. ಪುಡಿ ಇರೋ ಹಳೇ ಕಾರ್ಡ್ ನಮ್ಮಲ್ಲಿ ಸುಮಾರು 80 ಉಳಿದಿವೆ, ಅವನ್ನ ಮಾರಲ್ಲ. ಕಳೆದ ಶ್ರಾವಣದಿಂದೀಚೆಗೆ ನಮ್ಮಿಂದ ತಗೊಂಡ ಕಾರ್ಡಲ್ಲಿ ಯಾರಿಗಾದ್ರೂ ಅಕ್ಷರ ಅಂಟಿದ್ರೆ, ಸೀಳು ಮುಚ್ಚಿ ಹೆಸರು ತಪ್ಪಾಗಿ ಕಂಡಿದ್ರೆ, ಸಂಕೋಚ ಮಾಡ್ಕೋಬೇಡಿ, ಆರ್ಡರ್ ಮಾಡಿದ ಅದೇ ನಂಬರಿಗೆ ವಾಟ್ಸಾಪಲ್ಲಿ ಫೋಟೋ ಹಾಕಿ, ಹೊಸದು ಬರೆದು ಕಳಿಸ್ತೀವಿ, ದುಡ್ಡು ಬೇಡ. ಹೊಸ ಆರ್ಡರ್ ಕೊಡುವಾಗ ಹೆಸರನ್ನ ದಯವಿಟ್ಟು ಕನ್ನಡದಲ್ಲೇ ಟೈಪ್ ಮಾಡಿ ಕಳಿಸಿ, ಇಂಗ್ಲಿಷ್ ಅಕ್ಷರದಲ್ಲಿ ಕಳಿಸಿದ್ರೆ ಅದು ಸುಧಾನೋ ಸುಡಾನೋ ನಮಗೆ ಗೊತ್ತಾಗಲ್ಲ, ಕೇಳೋಕೆ ಫೋನ್ ಮಾಡಿದ್ರೆ ಮಳೇಲಿ ನೆಟ್‌ವರ್ಕೂ ಸಿಗಲ್ಲ.

ಇಂತಿ,
ನಿಮ್ಮ ಕಾರ್ಡ್ ಬರೆಯೋ ಹದಿನಾಲ್ಕು ಜನ ಅಕ್ಕತಂಗಿಯರು