ಸೀನನಿಗೆ, ಕೇಸರಿ ಹಾಲಿನ ವಿಷಯವಾಗಿ

ಪ್ರೀತಿಯ ಸೀನ,

ಭ್ರೂಣದ ಜೀನ್ ತಿದ್ದುವುದರ ಬಗ್ಗೆ ನೀನು ಕಳಿಸಿದ ವಿಡಿಯೋ ನೋಡಿದೆ. ‘ಇನ್ನು ಮುಂದೆ ಮಕ್ಕಳನ್ನೂ ಆರ್ಡರ್ ಕೊಟ್ಟು ಮಾಡಿಸಬಹುದಂತೆ, ಏನಂತೀರಿ ಮೇಷ್ಟ್ರೇ’ ಎಂದು ಕೆಳಗೆ ಬರೆದಿದ್ದೀಯ. ಫೋನಿನಲ್ಲಿ ಉತ್ತರ ಕೊಡೋಣ ಅಂದರೆ ನೀನು ನಡುವೆ ಕುಂಬಳಕಾಯಿ ವಿಷಯ ತೆಗೆಯುತ್ತೀಯ. ಅದಕ್ಕೇ ನಾಲ್ಕು ಜನರ ಎದುರು ಬರೆಯುತ್ತಿದ್ದೇನೆ. ಇಲ್ಲಾದರೂ ಸ್ವಲ್ಪ ಮರ್ಯಾದೆಯಿಂದ ಇರುತ್ತೀಯ. (ಓದುತ್ತಿರುವ ಉಳಿದವರಲ್ಲಿ ವಿನಂತಿ: ಯಾವ ಕುಂಬಳಕಾಯಿ ಎಂದು ಕೇಳಬೇಡಿ. ಆ ಕೇಸು ಮುಗಿದಿದೆ.)

ಈ ವಿಷಯದಲ್ಲಿ ನನ್ನ ಅಭಿಪ್ರಾಯ 2018ರಿಂದಲೂ ಗಟ್ಟಿಯಾಗಿತ್ತು. ಆ ವರ್ಷ ನವೆಂಬರಿನಲ್ಲಿ ಚೀನಾದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ, ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು ಯೂಟ್ಯೂಬಿನಲ್ಲಿ ಹೇಳಿಕೊಂಡ. ಆ ವಾರ ನಾನು ಸೆಕೆಂಡ್ ಪಿಯು ಮಕ್ಕಳಿಗೆ ಮೆಂಡಲನ ಬಟಾಣಿ ಬಿಟ್ಟು ಒಂದು ಪೀರಿಯಡ್ ಪೂರ್ತಿ ಅವನನ್ನೇ ಬೈದೆ. ಬೈಯಲು ಕಾರಣವೂ ಇತ್ತು ಕಣೋ. ಆ ಮಕ್ಕಳ ತಂದೆಗೆ ಎಚ್‌ಐವಿ ಇತ್ತು. ವೀರ್ಯವನ್ನು ತೊಳೆದು, ಸೋಂಕು ಮಗುವಿಗೆ ದಾಟದಂತೆ ಮಾಡುವ ವಿಧಾನ ಎಷ್ಟೋ ವರ್ಷಗಳಿಂದ ಬಳಕೆಯಲ್ಲಿದೆ. ಅಂದರೆ ಆ ಭ್ರೂಣಗಳಿಗೆ ಕಾಯಿಲೆಯೇ ಇರಲಿಲ್ಲ. ಆದರೂ ಅವನು ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ಸಾಧನ ಹಿಡಿದು ಸಿಸಿಆರ್5 ಎಂಬ ಜೀನಿಗೆ ಕತ್ತರಿ ಹಾಕಿದ. ಯುರೋಪಿನ ಕೆಲವರಲ್ಲಿ ಹುಟ್ಟಿನಿಂದಲೇ ಇರುವ, ಎಚ್‌ಐವಿಯನ್ನು ತಡೆಯುವ ಒಂದು ಬದಲಾವಣೆ ತರಲು ಹೊರಟಿದ್ದ. ಆದದ್ದೇ ಬೇರೆ. ಒಂದು ಮಗುವಿನಲ್ಲಿ ಆ ಜೀನಿನ ಎರಡು ಪ್ರತಿಗಳಲ್ಲಿ ಒಂದು ಹಾಗೇ ಉಳಿದಿತ್ತು. 2019ರ ಕೊನೆಗೆ ಅಲ್ಲಿನ ಕೋರ್ಟು 3 ವರ್ಷ ಜೈಲು, 30 ಲಕ್ಷ ಯುವಾನ್ ದಂಡ ಹಾಕಿತು. 2022ರಲ್ಲಿ ಅವನು ಹೊರಗೆ ಬಂದ. ಆ ಹುಡುಗಿಯರ ಮೈಯಲ್ಲಿ ಆಗಿರುವ ಬದಲಾವಣೆಗೆ ಬಿಡುಗಡೆ ಇಲ್ಲ. ಮುಂದೆ ಅವರ ಮಕ್ಕಳಿಗೂ ಹೋಗಬಹುದು.

ಅವತ್ತಿನಿಂದ ಬೋರ್ಡಿನ ಮೇಲೆ ಒಂದು ಗೆರೆ ಎಳೆಯುತ್ತಾ ಬಂದೆ. ಈ ಕಡೆ ರೋಗಿಯ ಮೈ, ಆ ಕಡೆ ಭ್ರೂಣ. ಈ ಕಡೆಯದು ಚಿಕಿತ್ಸೆ, ಆ ಕಡೆ ಕೈ ಹಾಕಬಾರದು. ಉದಾಹರಣೆಗೆ ಕುಡಗೋಲು ಕಣ ರೋಗ, ನಮ್ಮಲ್ಲಿ ಎಲ್ಲರೂ ಸಿಕಲ್ ಸೆಲ್ ಅಂತಲೇ ಅನ್ನುವುದು. ಎಚ್.ಡಿ. ಕೋಟೆಯ ಜೇನು ಕುರುಬರ ಹಾಡಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಇದೆ. ಹಿಮೋಗ್ಲೋಬಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ, ಅಷ್ಟಕ್ಕೆ ಜೀವನವಿಡೀ ಮೈ ಹಿಂಡುವ ನೋವು. ರೋಗಿಯ ಅಸ್ಥಿಮಜ್ಜೆಯ ಕೋಶಗಳನ್ನೇ ಹೊರತೆಗೆದು, ಜೀನ್ ತಿದ್ದಿ ವಾಪಸ್ ಹಾಕುವ ಕ್ಯಾಸ್‌ಗೆವಿ ಎಂಬ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ತಿದ್ದಿದ್ದು ಆ ರೋಗಿಗೇ ಮುಗಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ಬೆಲೆ ಮಾತ್ರ ಆಗ ಅಮೆರಿಕದಲ್ಲಿ 22 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಮೇಲೆ. ಹಾಡಿಯಲ್ಲಿ ಇವತ್ತು ಸಿಗುವುದು ನೋವು ಕಡಿಮೆ ಬರುವಂತೆ ಮಾಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ, ಅದೂ ತಪ್ಪದೆ ಸಿಕ್ಕರೆ.

ಇಷ್ಟೂ ಮೇಷ್ಟ್ರ ಪಾಠ ಆಯ್ತು. ಈಗ ನಿನಗೆ ಹೇಳದ ವಿಷಯ.

ನನಗೂ ಸುಮಾಗೂ ಇಬ್ಬರಿಗೂ ಥಲಸ್ಸೀಮಿಯಾ ಮೈನರ್, ಅಂದರೆ ಹಿಮೋಗ್ಲೋಬಿನ್ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದೆ. ಗಾಬರಿಯಾಗಬೇಡ, ನಮಗೇನೂ ಆಗುವುದಿಲ್ಲ. ಎಷ್ಟೋ ವರ್ಷ ‘ರಕ್ತ ಕಡಿಮೆ’ ಅಂತ ಕಬ್ಬಿಣದ ಮಾತ್ರೆ ನುಂಗಿದ್ದೆನಲ್ಲ, ಅದರ ಗುಟ್ಟು ಇದು. ತೊಂದರೆ ಇರುವುದು ಮಗುವಿಗೆ. ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಡಾಕ್ಟರಮ್ಮ ನಾಲ್ಕು ಚೌಕ ಬರೆದು ವಿವರಿಸಿದರು. ವರ್ಷಾ ವರ್ಷ ನಾನೇ ಬೋರ್ಡ್ ಮೇಲೆ ಬರೆಯುವ ಚೌಕ. ‘ಹೌದಾ ಮೇಡಂ’ ಎಂದು ತಲೆಯಾಡಿಸಿದೆ.

ದಾರಿ ಇದೆ. ಐವಿಎಫ್ ಮಾಡಿ, ಅಂದರೆ ಲ್ಯಾಬಿನಲ್ಲಿ ಭ್ರೂಣ ಬೆಳೆಸಿ, ಐದನೇ ದಿನದ ಭ್ರೂಣದಿಂದ ಕೆಲವು ಕೋಶ ತೆಗೆದು ಪರೀಕ್ಷಿಸಿ, ಆ ಕಾಯಿಲೆ ಇಲ್ಲದ ಭ್ರೂಣವನ್ನು ಗರ್ಭಕ್ಕೆ ಸೇರಿಸುತ್ತಾರೆ. ಇಲ್ಲಿ ಯಾರೂ ಜೀನ್ ತಿದ್ದುವುದಿಲ್ಲ, ಇರುವುದರಲ್ಲಿ ಆರಿಸುತ್ತಾರೆ. ನೋಡು, ಭ್ರೂಣದ ಜೀನ್ ತಿದ್ದಬೇಕು ಎನ್ನುವವರು ನಮ್ಮಂಥ ದಂಪತಿಗಳನ್ನೇ ತೋರಿಸುತ್ತಾರೆ. ಆದರೆ ನಾಲ್ಕರಲ್ಲಿ ಮೂರು ಪಾಲು ಸರಿಯಾದ ಭ್ರೂಣವೇ ಸಿಗುವಾಗ ನಮಗೆ ಆ ಕತ್ತರಿ ಯಾಕೆ? ಹಾಗಾದರೆ ಅದು ಬೇಕಿರುವುದು ಯಾರಿಗೆ?

ಉತ್ತರ ನನ್ನ ಬಾಯಿಂದಲೇ ಬಂತು. ಎಲ್ಲ ವಿವರಿಸಿದ ಮೇಲೆ ಡಾಕ್ಟರಮ್ಮ, ‘ಇನ್ನೇನಾದರೂ ಕೇಳೋದಿದೆಯಾ ಸರ್?’ ಅಂದರು. ನಾನು ಕೇಳಿದೆ: ‘ಇದರಲ್ಲಿ ಬಣ್ಣ ಗೊತ್ತಾಗುತ್ತಾ ಮೇಡಂ?’

ತಮಾಷೆಗೆ ಅನ್ನುವ ಹಾಗೆ ಕೇಳಿದೆ. ಅವರು ನಗಲಿಲ್ಲ. ‘ಇಲ್ಲ ಸರ್, ಅದೆಲ್ಲ ನೋಡೋದಿಲ್ಲ’ ಅಂದರು. ಎಷ್ಟು ಸಲೀಸಾಗಿ ಅಂದರೆಂದರೆ, ದಿನಾ ಯಾರಾದರೂ ಕೇಳುತ್ತಿರಬೇಕು. ಸುಮಾ ಅಲ್ಲಿ ಏನೂ ಮಾತಾಡಲಿಲ್ಲ. ಆಟೋದಲ್ಲಿ ಕೂತ ಮೇಲೆ, ‘ನನ್ನ ಬಣ್ಣವಾ, ನಿಮ್ಮ ಬಣ್ಣವಾ?’ ಎಂದು ಕೇಳಿದಳು. ನಾನು ಮೀಟರ್ ನೋಡಿದೆ.

ನನ್ನದೇ ಕಣೋ. ಬಯೋಡೇಟಾದಲ್ಲಿ ಅಪ್ಪ ‘ಎಣ್ಣೆಗೆಂಪು’ ಎಂದು ಬರೆಸಿದ್ದಾಗ, ಎಣ್ಣೆಯೇನೋ ಸರಿ, ಕೆಂಪು ಎಲ್ಲಿ ಎಂದು ನಕ್ಕವನು ನೀನು. ಹೈಸ್ಕೂಲಿನಲ್ಲಿ ನೀನು ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರಿಗಿಂತ ಜಾಸ್ತಿ ನಾನೇ ನಗುತ್ತಿದ್ದೆ, ಅಲ್ವಾ? ನಗದಿದ್ದರೆ ಆ ಹೆಸರು ಇನ್ನೂ ಅಂಟುತ್ತಿತ್ತು. ಮಗುವಿಗೆ ಕಾಯಿಲೆ ಬೇಡ ಎಂದು ಹೋದವನು ಆ ಕ್ಷಣದಲ್ಲಿ ಕೇಳಿದ್ದು, ಮಗು ನನ್ನ ಹಾಗೆ ಇರದಂತೆ ನೋಡಿಕೊಳ್ಳಬಹುದಾ ಎಂದು. ಇದನ್ನು ಬರೆಯಬೇಕು ಅಂತ ಇರಲಿಲ್ಲ. ಬರೆದಾಯಿತು.

ಆಮೇಲೆ ರಾತ್ರಿ ಕೂತು ಹುಡುಕಿದೆ. ಎಸ್‌ಎಲ್‌ಸಿ24ಎ5 ಅಂತ ಒಂದು ಜೀನ್ ಇದೆ. ಬಣ್ಣಕ್ಕೆ ಹತ್ತಾರು ಜೀನು ಸೇರುತ್ತವೆ, ಆದರೂ ಇದರಲ್ಲಿ ಒಂದಕ್ಷರದ ವ್ಯತ್ಯಾಸಕ್ಕೆ ನಮ್ಮ ದೇಶದವರ ಬಣ್ಣದಲ್ಲಿ ದೊಡ್ಡ ಪಾಲಿದೆ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರು 2013ರಲ್ಲೇ ಇದನ್ನು ಹೇಳಿದ್ದಾರೆ. ಹಾಡಿಯ ಹುಡುಗನ ನೋವೂ ಒಂದಕ್ಷರ, ನನ್ನ ಹೈಸ್ಕೂಲಿನ ಹೆಸರಿನಲ್ಲೂ ಒಂದಕ್ಷರದ ಪಾಲಿದೆ. ಕತ್ತರಿಗೆ ಎರಡೂ ಒಂದೇ. ನಾನು ಬೋರ್ಡ್ ಮೇಲೆ ಎಳೆಯುತ್ತಿದ್ದ ಗೆರೆ ಅದಕ್ಕೆ ಕಾಣುವುದೇ ಇಲ್ಲ.

ನಿಯಮ ಇದೆಯಲ್ಲ ಅಂತೀಯ. ಇದೆ. ನಮ್ಮ ದೇಶದ 2019ರ ಮಾರ್ಗಸೂಚಿ ಭ್ರೂಣದ ಜೀನ್ ತಿದ್ದಿ ಮಗು ಹುಟ್ಟಿಸುವುದನ್ನು ಒಪ್ಪುವುದಿಲ್ಲ. ಭ್ರೂಣಲಿಂಗ ಪತ್ತೆಯ ವಿರುದ್ಧವೂ 1994ರ ಕಾನೂನಿದೆ. ಆಸ್ಪತ್ರೆಗಳಲ್ಲಿ ಬೋರ್ಡ್ ಹಾಕಿದ್ದಾರೆ. 2023ರಲ್ಲಿ ಮಂಡ್ಯ ಕಡೆ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟುಕೊಂಡು ಹೆಣ್ಣೋ ಗಂಡೋ ಹೇಳುತ್ತಿದ್ದರು, ನೆನಪಿದೆಯಾ? ಪಕ್ಕದಲ್ಲಿ ಬೆಲ್ಲದ ಕೊಪ್ಪರಿಗೆ. ಅಲ್ಲಿಗೆ ಹೋದವರನ್ನು ಮನುಷ್ಯರೇ ಅಲ್ಲ ಎಂದು ಆಗ ನಾನೇ ಉಗಿದಿದ್ದೆ. ಈಗ ಉಗಿಯುವಾಗ ಸ್ವಲ್ಪ ದನಿ ಸಣ್ಣದಾಗುತ್ತದೆ. ಬಣ್ಣ ಹೇಳುವ ಮೆಷಿನ್ ಯಾವುದಾದರೂ ಆಲೆಮನೆಗೆ ಬಂದರೆ ಸಾಲಿನಲ್ಲಿ ಪಂಚೆ ಉಟ್ಟವರು, ಪಿಎಚ್‌ಡಿ ಆದವರು, ಜೀವಶಾಸ್ತ್ರದ ಮೇಷ್ಟ್ರುಗಳು ಎಲ್ಲರೂ ಇರುತ್ತಾರೆ.

ಸಾಕು, ಜಾಸ್ತಿಯಾಯಿತು. ಇದನ್ನು ನನ್ನ ವಿದ್ಯಾರ್ಥಿಗಳು ಓದಿದರೆ: ಮಕ್ಕಳೇ, ಪರೀಕ್ಷೆಯಲ್ಲಿ ಗೆರೆ ಎಳೆದೇ ಬರೆಯಿರಿ. ಅದಕ್ಕೇ ಮಾರ್ಕ್ಸು.

ಅಮ್ಮನಿಗೆ ಅರ್ಧ ವಿಷಯ ಗೊತ್ತಾಗಿದೆ. ಉಳಿದರ್ಧ ಊಹಿಸಿ ಆಗಲೇ ಕೇಸರಿ ಡಬ್ಬಿ ತರಿಸಿಟ್ಟಿದ್ದಾಳೆ. ಸುಮಾ ಇನ್ನೂ ಬಸುರಿಯೇ ಅಲ್ಲ! ಬಸುರಿ ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದಂತೆ. ನಾನು ಹೊಟ್ಟೆಯಲ್ಲಿದ್ದಾಗಲೂ ಅಮ್ಮ ಒಂದು ದಿನವೂ ತಪ್ಪಿಸದೆ ಕುಡಿದಿದ್ದಳಂತೆ. ಪ್ರಯೋಗದ ಫಲಿತಾಂಶವನ್ನು ನೀನು ಚಿಕ್ಕಂದಿನಿಂದ ನೋಡುತ್ತಿದ್ದೀಯ.

ನೀನು ಬರುವಾಗ ಕಾಶ್ಮೀರದ ಕೇಸರಿ ಅಂತ ದುಡ್ಡು ಸುರಿದು ಮತ್ತೊಂದು ಡಬ್ಬಿ ಹೊತ್ತು ತರಬೇಡ. ತಂದರೆ ಎಲ್ಲವನ್ನೂ ಕೇಸರಿಬಾತಿಗೆ ಸುರಿದು, ನಿನಗೇ ತಿನ್ನಿಸಿ, ನಿನ್ನ ಬಣ್ಣ ಏನಾಗುತ್ತದೋ ನೋಡುತ್ತೇನೆ.

ಇತಿ ನಿನ್ನ
ಮೇಷ್ಟ್ರು (ಎಣ್ಣೆ ಮಾತ್ರ)

ತಾ.ಕ.: ಸುಮಾಳನ್ನು ಕೇಳಿಯೇ ಇದನ್ನು ಹಾಕಿದ್ದೇನೆ. ‘ಆಟೋ ಮಾತು ಇರಲಿ, ಕುಂಬಳಕಾಯಿ ತೆಗೆಯಿರಿ’ ಅಂದಳು. ನಾನು ತೆಗೆದಿಲ್ಲ.