ಸಾಲ ಕೊಟ್ಟಿದ್ದು ಸಾಕು, ಬಿಲ್ ಯಾವಾಗ ಕೊಡ್ತೀರಿ?

ಸಂಪಾದಕರೇ,

ಮಹಿಳಾ ಉದ್ಯಮಿಗಳ ಬಗ್ಗೆ ನೀವು ಹಾಕಿದ್ದ ವಿಶೇಷ ಪುಟ ಓದಿದೆ. ಚೆನ್ನಾಗಿತ್ತು. ಆದರೆ ಪುಟದ ತುಂಬ ಸಾಲದ ಮಾತೇ. ಯಾವ ಯೋಜನೆಯಲ್ಲಿ ಎಷ್ಟು ಸಿಗುತ್ತೆ, ಸಬ್ಸಿಡಿ ಎಷ್ಟು, ಯಾವ್ಯಾವ ಕಾಗದ ಬೇಕು, ಎಲ್ಲ ಇತ್ತು. ನಾವು ಮಾಡಿದ್ದನ್ನು ಕೊಳ್ಳೋರು ಯಾರು ಅನ್ನೋದರ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ.

ನಾನು ಧಾರವಾಡದ ಹತ್ತಿರ ರೊಟ್ಟಿ ಮಾಡುವ ಸಣ್ಣ ಘಟಕ ನಡೆಸುತ್ತೇನೆ. ಆರು ಜನ ಇದ್ದೇವೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಬ್ಬ ಬಂದರೆ ಹೋಳಿಗೆ. ಹಿಂದೆ ಒಂದು ಸಲ ಒಂದು ಹಾಸ್ಟೆಲ್‌ನಿಂದ ತಿಂಗಳಿಗೆ ಆರು ಸಾವಿರ ರೊಟ್ಟಿಯ ಆರ್ಡರ್ ಸಿಕ್ಕಿತು. ಅವತ್ತು ಮನೆಯಲ್ಲಿ ಸಿಹಿ ಮಾಡಿದ್ದೆ. ಮೂರು ತಿಂಗಳು ತಪ್ಪದೆ ಕೊಟ್ಟೆವು. ಮೊದಲನೇ ತಿಂಗಳ ದುಡ್ಡು ಕೈಗೆ ಬಂದಿದ್ದು ಐದನೇ ತಿಂಗಳಲ್ಲಿ. ಜೋಳದ ಅಂಗಡಿಯವನಿಗೆ ಅಲ್ಲೀತನಕ ಕಾಯಪ್ಪ ಅನ್ನೋಕೆ ಆಗುತ್ತಾ? ವಾರದ ಕಂತು ಕೇಳಲು ಬಾಗಿಲಿಗೆ ಬರೋರಿಗೆ ಏನು ಹೇಳೋದು? ರೊಟ್ಟಿ ಬಡಿಯುವ ಹೆಂಗಸರಿಗಂತೂ ಶನಿವಾರ ಕೂಲಿ ಕೊಡಲೇಬೇಕು, ಮರುದಿನ ಅವರಿಗೂ ಸಂತೆ ಇರುತ್ತೆ. ಕೊನೆಗೆ ಬರಬೇಕಾದ ಬಿಲ್ ನಂಬಿಕೊಂಡು ಸಂಘದಲ್ಲಿ ಇನ್ನೊಂದು ಸಾಲ ತೆಗೆದೆ. ಲೆಕ್ಕ ಹಾಕಿ ನೋಡಿ, ಹಾಸ್ಟೆಲ್‌ಗೆ ಸಾಲ ಕೊಟ್ಟವಳು ನಾನು, ಅದರ ಬಡ್ಡಿ ಕಟ್ಟಿದವಳೂ ನಾನೇ.

ಇದಕ್ಕೆ ಕಾನೂನು ಇಲ್ಲವೇ ಅಂದರೆ ಇದೆ. ಸಣ್ಣ ಉದ್ಯಮಗಳಿಗಾಗಿ 2006ರಲ್ಲಿ ಬಂದ ಎಂಎಸ್ಎಂಇ ಕಾಯ್ದೆ ಪ್ರಕಾರ, ಮಾಲು ತಗೊಂಡವರು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಆನ್‌ಲೈನ್‌ನಲ್ಲಿ ದೂರು ಕೊಡಬಹುದು. ಆದರೆ ದೂರು ಕೊಟ್ಟ ಮೇಲೆ ಅದೇ ಹಾಸ್ಟೆಲ್ ನನಗೆ ಮತ್ತೆ ಆರ್ಡರ್ ಕೊಡುತ್ತಾ ಹೇಳಿ. ನಾನು ಸುಮ್ನಿದ್ದೆ. ನನ್ನ ಥರ ಸುಮ್ನಿದ್ದವರು ಎಷ್ಟು ಜನರೋ.

ಸಾಲ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸಾಲ ಸಿಗೋದಕ್ಕೇ ಹೆಂಗಸರು ಎಷ್ಟು ಹೆಣಗಿದ್ದಾರೆ ಅಂತ ಗೊತ್ತಿದೆ. ಅಮೆರಿಕದಂಥ ದೇಶದಲ್ಲೂ 1988ರಲ್ಲಿ ಕಾಯ್ದೆ ತರುವವರೆಗೆ, ಕೆಲವು ರಾಜ್ಯಗಳಲ್ಲಿ ಹೆಂಗಸು ವ್ಯಾಪಾರಕ್ಕೆ ಸಾಲ ಕೇಳಿದರೆ ಗಂಡನೋ ಅಪ್ಪನೋ ಜೊತೆಗೆ ಸಹಿ ಹಾಕಬೇಕಿತ್ತು. ಗಂಡನ ಒಪ್ಪಿಗೆ ಇಲ್ಲದೆ ಸ್ವಂತ ಬ್ಯಾಂಕ್ ಖಾತೆ ತೆರೆಯುವ ಹಕ್ಕು ಫ್ರಾನ್ಸಿನ ಮದುವೆಯಾದ ಹೆಂಗಸರಿಗೆ ಸಿಕ್ಕಿದ್ದು 1965ರಲ್ಲಿ. ನಮ್ಮಲ್ಲಿ ಅಂಥ ಕಾನೂನೇನೂ ಇಲ್ಲ, ಆದರೂ ನಾನು ಮೊದಲ ಸಲ ಬ್ಯಾಂಕಿಗೆ ಹೋದಾಗ ಅಲ್ಲಿನವರು ಅರ್ಜಿ ನೋಡೋ ಮೊದಲೇ "ಯಜಮಾನರನ್ನ ಕರಕೊಂಡು ಬನ್ನಿ" ಅಂದಿದ್ದರು. ಅಂಗಡಿ ನಂದು, ಯಜಮಾನಿ ನಾನೇ ಅಂತ ಹೇಳಬೇಕು ಅನಿಸಿತ್ತು. ಹೇಳಲಿಲ್ಲ, ಕರಕೊಂಡು ಹೋದೆ.

ಈಗ ನೋಡಿದರೆ ಸಣ್ಣ ಸಾಲ ಬೀದಿಬೀದಿಯಲ್ಲೂ ಸಿಗುತ್ತೆ. ಜಾಸ್ತಿಯೇ ಸಿಗುತ್ತೆ. 2025ರಲ್ಲಿ ಮೈಕ್ರೋಫೈನಾನ್ಸ್ ವಸೂಲಿಗಾರರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳನ್ನು ಪತ್ರಿಕೆಗಳೇ ಹಾಕಿದ್ದವು, ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲಗಳಲ್ಲಿ ಬಹುಪಾಲು ಹೆಂಗಸರ ಹೆಸರಲ್ಲೇ ಇದ್ದದ್ದು. ಮಾಲು ಹೋಗದಿದ್ದರೆ ಕಂತು ಎಲ್ಲಿಂದ ಬರಬೇಕು?

ಅದಕ್ಕೇ ನಾನು ಆರ್ಡರ್ ಕೊಡಿ ಅನ್ನೋದು. ಕೇಂದ್ರ ಸರ್ಕಾರದ ಇಲಾಖೆಗಳು, ಸಾರ್ವಜನಿಕ ಉದ್ಯಮಗಳು ತಮ್ಮ ಖರೀದಿಯಲ್ಲಿ ಶೇ 25ರಷ್ಟನ್ನು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು, ಅದರೊಳಗೆ ಶೇ 3ರಷ್ಟು ಮಹಿಳೆಯರ ಉದ್ಯಮಗಳದ್ದಾಗಿರಬೇಕು ಅಂತ 2018ರಲ್ಲಿ ನಿಯಮ ಮಾಡಿದರು. ಒಳ್ಳೆಯದೇ. ಆದರೆ ಅದು ಕೇಂದ್ರದ್ದು, ನಮ್ಮೂರ ಹಾಸ್ಟೆಲ್ ಅಡುಗೆಮನೆಗೆ ಲಾಗೂ ಆಗಲ್ಲ. ಬರೀ ನಿಯಮ ಬರೆದಿಟ್ಟರೆ ಸಾಲದು ಅನ್ನೋದಕ್ಕೂ ಅಮೆರಿಕವೇ ಸಾಕ್ಷಿ. ಸರ್ಕಾರಿ ಗುತ್ತಿಗೆಯಲ್ಲಿ ಶೇ 5 ಮಹಿಳೆಯರ ಸಂಸ್ಥೆಗಳಿಗೆ ಅಂತ 1994ರಲ್ಲಿ ಗುರಿ ಇಟ್ಟುಕೊಂಡರು, ಮೊದಲ ಸಲ ಮುಟ್ಟಿದ್ದು 2015ರಲ್ಲಿ. ಕೆನ್ಯಾದವರು ಇನ್ನೂ ದೊಡ್ಡ ಮನಸ್ಸು ಮಾಡಿ ಸರ್ಕಾರಿ ಖರೀದಿಯ ಶೇ 30ರಷ್ಟನ್ನು ಮಹಿಳೆಯರು, ಯುವಕರು, ಅಂಗವಿಕಲರಿಗೆ ಮೀಸಲಿಟ್ಟರು. ಅಲ್ಲೂ ನಮ್ಮದೇ ಕಥೆ. ಆರ್ಡರ್ ಸಿಕ್ಕವರು ಬಿಲ್ ಪಾಸಾಗದೆ ಒದ್ದಾಡುತ್ತಾರೆ. 'ಪೆಂಡಿಂಗ್ ಬಿಲ್ಸ್' ಅನ್ನೋದು ಅಲ್ಲಿನ ಪತ್ರಿಕೆಗಳಲ್ಲಿ ಆಗಾಗ ಕಾಣುವ ಮಾತು. ಧಾರವಾಡದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ!

ದುಡ್ಡು ಬೇಗ ಕೊಟ್ಟರೆ ಏನಾಗುತ್ತೆ ಅಂತ ನೋಡಬೇಕಾದರೆ ಲಿಜ್ಜತ್ ಹಪ್ಪಳ ನೋಡಿ. 1959ರಲ್ಲಿ ಮುಂಬೈನ ಗಿರ್‌ಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು, ಮನೆಯ ಮಾಳಿಗೆ ಮೇಲೆ ಹಪ್ಪಳ ಒತ್ತಿ ಶುರು ಮಾಡಿದ್ದು. ಇವತ್ತು 45 ಸಾವಿರದಷ್ಟು ಹೆಂಗಸರು ಅದರಲ್ಲಿದ್ದಾರೆ. 80 ರೂಪಾಯಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಭಾಷಣಗಳಲ್ಲಂತೂ ಕೇಳಿ ಕೇಳಿ ಸಾಕಾಗಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಇನ್ನೊಂದು. ಬೆಳಗ್ಗೆ ಕಲಸಿದ ಹಿಟ್ಟು ತಗೊಂಡು ಹೋಗುತ್ತಾರೆ, ಮನೆಯಲ್ಲಿ ಒತ್ತಿ ಒಣಗಿಸಿ ಮರುದಿನ ತಂದು ತೂಗಿಸುತ್ತಾರೆ, ಒತ್ತಿದ್ದಕ್ಕೆ ದುಡ್ಡು ಅಲ್ಲೇ ಎಣಿಸಿಕೊಂಡು ಹೊಸ ಹಿಟ್ಟು ಹಿಡಿದು ಮನೆಗೆ ಬರುತ್ತಾರೆ. ದಿನದ ಲೆಕ್ಕ ದಿನಕ್ಕೆ. ದುಡಿದ ದುಡ್ಡಿಗೆ ಮೇಜಿನಿಂದ ಮೇಜಿಗೆ ಅಲೆಯೋದಿಲ್ಲ. ಅರವತ್ತು ವರ್ಷದ ಮೇಲೂ ಆ ಸಂಸ್ಥೆ ನಿಂತಿರೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಮೀಸಲು ಅಂತ ಮಾಡಿದ ಕೂಡಲೇ ಹೆಂಡತಿ ಹೆಸರಲ್ಲಿ ಬೋರ್ಡ್ ಹಾಕಿಕೊಂಡು ಗಂಡ ವ್ಯವಹಾರ ನಡೆಸೋದು ಶುರುವಾಗುತ್ತೆ. ಪಂಚಾಯಿತಿ ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡ ಕೂತಿರೋದನ್ನು ನೋಡಿದವರೇ ಅಲ್ವಾ ನಾವೆಲ್ಲ. ಅದಕ್ಕೆ ಉಪಾಯವೂ ಕಷ್ಟದ್ದಲ್ಲ. ಘಟಕಕ್ಕೆ ಬಂದು ಹತ್ತು ನಿಮಿಷ ಕೂತು, ಜೋಳದ ರೇಟೆಷ್ಟು, ಒಂದು ಕಿಲೋಗೆ ರೊಟ್ಟಿ ಎಷ್ಟು ಬರುತ್ತೆ, ಹೋದ ತಿಂಗಳು ಯಾರು ಎಷ್ಟು ಬಾಕಿ ಇಟ್ಟಿದ್ದಾರೆ ಅಂತ ಕೇಳಲಿ. ಯಾರು ಉತ್ತರ ಕೊಡುತ್ತಾರೋ ಉದ್ಯಮ ಅವರದ್ದು.

ಜಿಲ್ಲಾಡಳಿತಕ್ಕೆ ನನ್ನ ಕೇಳಿಕೆ ಇಷ್ಟೇ. ಹಾಸ್ಟೆಲ್, ಆಸ್ಪತ್ರೆ ಕ್ಯಾಂಟೀನ್, ಸರ್ಕಾರಿ ಸಮಾರಂಭದ ಊಟ, ಇವುಗಳಲ್ಲಿ ಒಂದಷ್ಟನ್ನು ಊರಿನ ಮಹಿಳಾ ಘಟಕಗಳಿಂದಲೇ ತಗೊಳ್ಳಿ. ಟೆಂಡರ್ ಅಂತ ದೊಡ್ಡ ಠೇವಣಿ ಕೇಳಬೇಡಿ. ಹದಿನೈದು ದಿನಕ್ಕೆ ಬಿಲ್ ಕೊಡಿ. ವರ್ಷಕ್ಕೊಮ್ಮೆ ಮೇಳ ಮಾಡಿ ಮಳಿಗೆ ಹಾಕಿಸೋದು ಆಮೇಲೆ ಇರಲಿ. ಅಲ್ಲಿ ಗಣ್ಯರು ಬರುತ್ತಾರೆ, ರೊಟ್ಟಿ ಮುರಿದು ಚಟ್ನಿ ಹಚ್ಚಿ ತಿನ್ನುತ್ತಾರೆ, ಫೋಟೊ ಆಗುತ್ತೆ, ಒಂದು ಕಟ್ಟು ರೊಟ್ಟಿಯನ್ನೂ ಕೊಳ್ಳದೆ ಮುಂದಿನ ಮಳಿಗೆಗೆ ಹೋಗುತ್ತಾರೆ.

ನಿಮಗೂ ಒಂದು ಕೇಳಿಕೆ ಇದೆ. ಬರುವ ಮಾರ್ಚ್ 8ಕ್ಕೆ ಮತ್ತೆ ವಿಶೇಷ ಪುಟ ಹಾಕುತ್ತೀರಲ್ಲ, ಅದಕ್ಕೂ ಮೊದಲು ಜಿಲ್ಲೆಯ ಒಂದೊಂದು ಇಲಾಖೆಗೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮಹಿಳೆಯರ ಘಟಕಗಳಿಂದ ಈ ವರ್ಷ ಏನು ಕೊಂಡಿರಿ, ಎಷ್ಟಕ್ಕೆ ಕೊಂಡಿರಿ, ಎಷ್ಟು ದಿನಕ್ಕೆ ದುಡ್ಡು ಕೊಟ್ಟಿರಿ ಅಂತ ಕೇಳಿ. ಬಂದ ಉತ್ತರವನ್ನು ಹಾಗೇ ಅಚ್ಚು ಮಾಡಿ. ಬೇಕಾದರೆ ನನ್ನ ಬಿಲ್ ಪುಸ್ತಕವನ್ನೂ ತಂದು ಕೊಡುತ್ತೇನೆ, ಅದರಲ್ಲಿ ತಾರೀಖು ಸಮೇತ ಎಲ್ಲ ಇದೆ.

– ರೊಟ್ಟಿ ಘಟಕದ ಯಜಮಾನಿ, ಧಾರವಾಡ