ಡಿಸ್ನಿ ವರ್ಲ್ಡ್‌ನಲ್ಲಿ ನಮ್ಮ ಹಿರಿಯರ ಕೈಹಿಡಿದವರಿಗೆ

ಊರಿಂದ ಬಂದ ಅಪ್ಪ ಅಮ್ಮ, ಇಲ್ಲೇ ಹುಟ್ಟಿ ಬೆಳೆಯುತ್ತಿರುವ ಮೊಮ್ಮಕ್ಕಳು, ನಡುವೆ ನಾವು. ಮನೆಯ ಹಿರಿಯರಿಗೆ ಎಪ್ಪತ್ತು ತುಂಬಿದ ನೆಪದಲ್ಲಿ ಹೊರಟ ಫ್ಲೋರಿಡಾದ ಡಿಸ್ನಿ ವರ್ಲ್ಡ್ ಪ್ರವಾಸ ಕ್ಷೇಮವಾಗಿ ಮುಗಿದಿದೆ. ಅದರ ಶ್ರೇಯಸ್ಸಿನ ದೊಡ್ಡ ಪಾಲು ಸೇರಬೇಕಾದದ್ದು ಅಲ್ಲಿನ ಕೆಲಸಗಾರರಿಗೆ ಮತ್ತು ಕ್ಯೂನಲ್ಲಿ ನಮ್ಮ ಹಿಂದೆ ಮುಂದೆ ನಿಂತಿದ್ದ ಅಪರಿಚಿತರಿಗೆ. ಒಂದು ಸಾಲಿನಲ್ಲಿ ಥ್ಯಾಂಕ್ಸ್ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅವರು ಮಾಡಿದ್ದು ಏನು, ಅದಕ್ಕೆ ಎಷ್ಟು ಗಮನ ಬೇಕು ಅನ್ನುವುದನ್ನು ಬಿಡಿಸಿ ಹೇಳದಿದ್ದರೆ ಆ ಮಾತಿಗೆ ತೂಕ ಬರುವುದಿಲ್ಲ. ಮುಂದೆ ತಂದೆ ತಾಯಿಯನ್ನು ಕರೆದುಕೊಂಡು ಹೋಗುವವರಿಗೂ ಉಪಯೋಗಕ್ಕೆ ಬರಲಿ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲ ನಮಸ್ಕಾರ ಹಾಂಟೆಡ್ ಮ್ಯಾನ್ಶನ್‌ನಲ್ಲಿ ಜನರನ್ನು ಗಾಡಿಗೆ ಹತ್ತಿಸುವವರಿಗೆ. ಡಿಸ್ನಿ ವರ್ಲ್ಡ್‌ನ ನಾಲ್ಕು ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಂ ತೆರೆದ 1971ರಿಂದಲೂ ಇರುವ ಭೂತಬಂಗಲೆಯ ರೈಡ್ ಅದು. ಅಲ್ಲಿ ಗಾಡಿ ಬಂದು ನಿಲ್ಲುವುದಿಲ್ಲ, ಚಲಿಸುತ್ತಲೇ ಇರುತ್ತದೆ. ಅದರ ಪಕ್ಕಕ್ಕೆ ನೆಲದ ಬೆಲ್ಟೂ ಅದೇ ವೇಗದಲ್ಲಿ ಸಾಗುತ್ತದೆ, ಅದರ ಮೇಲೆ ಕಾಲಿಟ್ಟು ಗಾಡಿಯೊಳಗೆ ಕೂರಬೇಕು. ಮಂಡಿ ನೋವಿನವರಿಗೆ, ಎಸ್ಕಲೇಟರ್ ಕಂಡರೇ ಹಿಂಜರಿಯುವವರಿಗೆ ಇದು ದೊಡ್ಡ ಪರೀಕ್ಷೆ. ಕೈಯಲ್ಲಿ ಕೋಲು ಇರುವವರನ್ನು ಕಂಡ ಕೂಡಲೇ ಅಲ್ಲಿಯವರು ಸಂಜ್ಞೆ ಮಾಡುತ್ತಾರೆ, ಬೆಲ್ಟ್ ನಿಧಾನವಾಗುತ್ತದೆ, ಬೇಕಾದರೆ ಪೂರ್ತಿ ನಿಲ್ಲುತ್ತದೆ. ಎಲ್ಲ ಗಾಡಿಗಳೂ ಒಂದೇ ಸರಪಳಿಗೆ ಜೋಡಿಸಿರುವುದರಿಂದ ಇಲ್ಲಿ ಒಬ್ಬ ಅಜ್ಜಿಗಾಗಿ ನಿಲ್ಲಿಸಿದರೆ ಒಳಗಿನ ಕತ್ತಲಲ್ಲಿ ಕುಳಿತ ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಹೊರಗಿನ ಕ್ಯೂ ಅಷ್ಟು ಬೆಳೆಯುತ್ತದೆ. ಅದೆಲ್ಲ ಗೊತ್ತಿದ್ದೂ ಮುಖದಲ್ಲಿ ಒಂದು ಗೆರೆಯೂ ಬಾರದಂತೆ, 'ಟೇಕ್ ಯುವರ್ ಟೈಮ್' ಅನ್ನುತ್ತಾ ಪಕ್ಕದಲ್ಲಿ ನಿಲ್ಲುತ್ತಾರಲ್ಲ, ಆ ತಾಳ್ಮೆಗೆ ಎಷ್ಟು ನಮಸ್ಕಾರ ಹೇಳಿದರೂ ಕಡಿಮೆ.

ಇದನ್ನು ಕೇಳಿ ಪಡೆಯಲು ಸಂಕೋಚ ಬೇಡ. ಹತ್ತುವ ಜಾಗ ತಲುಪುವ ಮೊದಲೇ, ಕ್ಯೂ ಒಳಗೆ ಮೊದಲು ಸಿಗುವ ಸಿಬ್ಬಂದಿಗೆ ತಿಳಿಸಿಬಿಡಿ. ಬೆಲ್ಟಿನ ಅಂಚಿಗೆ ಬಂದ ಮೇಲೆ ಹೇಳಿದರೆ ಅವರಿಗೂ ಗಡಿಬಿಡಿ, ಹಿರಿಯರಿಗೂ ಗಾಬರಿ. ಹತ್ತುವಾಗ ಹಿರಿಯರನ್ನು ಮುಂದಿನಿಂದ ಎಳೆಯಬೇಡಿ. ಒಬ್ಬರು ಮೊದಲು ಕುಳಿತುಕೊಳ್ಳಿ, ಇನ್ನೊಬ್ಬರು ಹಿಂದಿನಿಂದ ಮೊಣಕೈಗೆ ಆಸರೆ ಕೊಡಿ. ಅದೇ ಪಾರ್ಕಿನಲ್ಲಿ ಎತ್ತರದ ಹಳಿಯ ಮೇಲೆ ಸಾಗುವ ಪೀಪಲ್‌ಮೂವರ್ ರೈಡ್ ಮಾತ್ರ ಬೇರೆ ಲೆಕ್ಕ. ಅಲ್ಲಿಗೆ ಏರುವ ದಾರಿಯೇ ಚಲಿಸುವ ಇಳಿಜಾರು, ಆದ್ದರಿಂದ ಸ್ವಲ್ಪವೂ ನಡೆಯಲಾಗದವರಿಗೆ ಅದು ಆಗದು.

ಸೀರೆ ಉಟ್ಟವರ ವಿಷಯದಲ್ಲಿ ಅಲ್ಲಿನವರ ಕಣ್ಣು ಎಷ್ಟು ಚುರುಕು ಅನ್ನುವುದನ್ನು ಹೇಳಲೇಬೇಕು. ಗಾಡಿಯ ಹೊರಗೆ ನಾಲ್ಕು ಬೆರಳಷ್ಟು ಸೆರಗು ಜೋತುಬಿದ್ದರೂ ನೋಡುತ್ತಾರೆ. ಮುಟ್ಟುವುದಿಲ್ಲ, ಎಳೆಯುವುದಿಲ್ಲ. ತಮ್ಮ ಅಂಗಿಯ ಅಂಚನ್ನೇ ಹಿಡಿದು ಮಡಿಸಿ ತೋರಿಸಿ, ಒಳಗೆ ಸೇರಿಸಿಕೊಳ್ಳಿ ಎಂದು ಸನ್ನೆ ಮಾಡುತ್ತಾರೆ. ಭಾಷೆ ಬಾರದ ಹೆಂಗಸಿಗೆ ಆ ಸನ್ನೆಯಲ್ಲಿ ಮರ್ಯಾದೆಯೂ ಉಳಿಯುತ್ತದೆ, ಅಪಾಯವೂ ತಪ್ಪುತ್ತದೆ. ಚಲಿಸುವ ಬೆಲ್ಟ್ ಇರುವ ಕಡೆ ಭಯ ನೆರಿಗೆಯದ್ದು. ಸೀರೆಯನ್ನು ಪಾದ ಮುಚ್ಚುವಂತೆ ಉಡದೆ ಹಿಮ್ಮಡಿಯಿಂದ ಮೂರು ನಾಲ್ಕು ಇಂಚು ಮೇಲಕ್ಕೆ ಉಡಬೇಕು. ಸೆರಗನ್ನು ಭುಜದಲ್ಲೊಂದು ಪಿನ್ನು ಹಾಕಿ, ಸುತ್ತಿ ತಂದು ಸೊಂಟಕ್ಕೆ ಸಿಕ್ಕಿಸಬೇಕು. ಹತ್ತಿ ಸೀರೆ ಒದ್ದೆಯಾದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಅನಿಮಲ್ ಕಿಂಗ್‌ಡಂ ಪಾರ್ಕಿನ ಕಾಲಿ ರಿವರ್ ರಾಪಿಡ್ಸ್‌ನಂಥ ನೀರಿನ ರೈಡ್ ದಿನ ಚೂಡಿದಾರವೇ ವಾಸಿ.

ಅಲ್ಲಿ ಕೆಲಸ ಮಾಡುವವರನ್ನೆಲ್ಲ ಕಾಸ್ಟ್ ಮೆಂಬರ್ ಅನ್ನುತ್ತಾರೆ. ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರು, ಅದರ ಕೆಳಗೆ ಊರು. ದಾರಿ ಕೇಳಿದರೆ ಒಂಟಿ ಬೆರಳು ತೋರಿಸುವುದಿಲ್ಲ. ಎರಡು ಬೆರಳು ಜೋಡಿಸಿ ಅಥವಾ ಇಡೀ ಅಂಗೈ ಚಾಚಿ ತೋರಿಸುತ್ತಾರೆ. ಮಕ್ಕಳ ಜೊತೆ ಮಾತಾಡುವಾಗ ಮಂಡಿ ಬಗ್ಗಿಸಿ ಮಗುವಿನ ಎತ್ತರಕ್ಕೆ ಇಳಿಯುತ್ತಾರೆ. ತರಬೇತಿಯಲ್ಲಿ ಕಲಿಸಿದ್ದು ಅಂತ ಯಾರಾದರೂ ಹೇಳಬಹುದು. ಕಲಿಸಿದ್ದಾದರೂ ಬೆಳಗಿನಿಂದ ಬಿಸಿಲಲ್ಲಿ ನಿಂತು ಸಾವಿರಾರು ಜನರಿಗೆ ಅದನ್ನೇ ಅಷ್ಟೇ ಅಕ್ಕರೆಯಿಂದ ಮಾಡುವುದು ಮನಸ್ಸಿದ್ದವರಿಗೆ ಮಾತ್ರ ಸಾಧ್ಯ.

ಕಸ ಗುಡಿಸುವವರಿಗೆ ಬೇರೆಯೇ ಒಂದು ಧನ್ಯವಾದ. ಅವರಲ್ಲಿ ಕೆಲವರು ಪೊರಕೆಯನ್ನು ನೀರಿನಲ್ಲಿ ಅದ್ದಿ ನೆಲದ ಮೇಲೆ ಮಿಕ್ಕಿಯನ್ನೋ ಗೂಫಿಯನ್ನೋ ಬರೆಯುತ್ತಾರೆ. ಪೊರಕೆಯ ಮೂಲೆಯಿಂದ ತೆಳು ಗೆರೆ, ಅಡ್ಡಲಾಗಿ ಎಳೆದರೆ ದಪ್ಪ ಗೆರೆ. ಮೊದಲು ಮುಖದ ಸುತ್ತು, ಆಮೇಲೆ ಕಿವಿ, ಕೊನೆಗೆ ಕಣ್ಣು. ನಮ್ಮ ಅಂಗಳದ ರಂಗೋಲಿಯ ಹಾಗೆ, ಕೈ ಎತ್ತದೆ ಸರಾಗವಾಗಿ ಬರುತ್ತದೆ. ಫ್ಲೋರಿಡಾದ ಬಿಸಿಲಿಗೆ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ. ಕ್ಯೂನಲ್ಲಿ ರಗಳೆ ಮಾಡುತ್ತಿದ್ದ ಮಕ್ಕಳೆಲ್ಲ ಅಷ್ಟು ಹೊತ್ತು ಸುಮ್ಮನೆ ನಿಂತು ನೋಡುತ್ತಾರೆ, ಅಜ್ಜಿಯಂದಿರು ಮಕ್ಕಳಿಗಿಂತ ಹೆಚ್ಚು.

ವೀಲ್‌ಚೇರ್ ಬಗ್ಗೆ ನಮ್ಮವರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ವೀಲ್‌ಚೇರ್ ಇದ್ದರೆ ಎಲ್ಲ ಕಡೆ ಮುಂದೆ ಬಿಡುತ್ತಾರೆ ಎಂದು. ಹಾಗಿಲ್ಲ. ಬಹುತೇಕ ರೈಡ್‌ಗಳ ಕ್ಯೂ ವೀಲ್‌ಚೇರ್ ಹೋಗುವಷ್ಟು ಅಗಲವಿದೆ, ಎಲ್ಲರ ಜೊತೆಯೇ ಸಾಗಬೇಕು. ಮ್ಯಾಜಿಕ್ ಕಿಂಗ್‌ಡಂನ ಕೆಲವು ಹಳೆಯ ರೈಡ್‌ಗಳಿಗೆ ಮಾತ್ರ ಬೇರೆ ಬಾಗಿಲಿರುತ್ತದೆ. ಪಾರ್ಕಿನಲ್ಲೇ ಬಾಡಿಗೆಗೆ ಸಿಗುವ ವೀಲ್‌ಚೇರ್ ಮೊದಲು ಬಂದವರಿಗೆ ಮೊದಲು, ಪಾರ್ಕಿನಿಂದ ಹೊರಗೆ ಒಯ್ಯುವಂತಿಲ್ಲ. ರಸೀದಿ ಎಸೆಯಬೇಡಿ. ಅದೇ ದಿನ ಇನ್ನೊಂದು ಪಾರ್ಕಿಗೆ ಹೋದರೆ ರಸೀದಿ ತೋರಿಸಿ ಅಲ್ಲಿ ಬೇರೆ ಪಡೆಯಬಹುದು. ಜನಜಂಗುಳಿಯಲ್ಲಿ ಗಾಡಿಯ ಕಾಲಿಡುವ ಪಟ್ಟಿ ಮುಂದೆ ಹೋಗುವವರ ಹಿಮ್ಮಡಿಗೆ ತಾಗುವುದೇ ಹೆಚ್ಚಿನ ಅವಘಡ. ಕಾರಣ ಸರಳ. ತಳ್ಳುವವರಿಗೆ ಆ ಪಟ್ಟಿ ಕಾಣಿಸುವುದಿಲ್ಲ. ಮುಂದಿನವರಿಂದ ಎರಡು ಹೆಜ್ಜೆ ಅಂತರ ಬಿಡಬೇಕು, ಇಳಿಜಾರಿನಲ್ಲಿ ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿ ಇಳಿಸಬೇಕು. ಪಟ್ಟಿ ತಾಗಿಸಿಕೊಂಡ ಮೇಲೂ 'ಇಟ್ಸ್ ಓಕೆ' ಎಂದು ನಕ್ಕು, ಮುಂದಿನವರಿಗೂ ದಾರಿ ಬಿಡಿ ಎಂದು ಹೇಳಿ ಜಾಗ ಮಾಡಿಸಿಕೊಟ್ಟವರು ಇದ್ದಾರೆ. ಅವರಿಗೆ ಕ್ಷಮೆಯೂ ಕೃತಜ್ಞತೆಯೂ ಒಟ್ಟಿಗೆ.

ಇನ್ನೊಂದು ಪಾರ್ಕಾದ ಎಪ್ಕಾಟ್‌ನ ಕೆರೆಯ ಸುತ್ತ 11 ದೇಶಗಳ ಮಂಟಪಗಳಿವೆ. ಒಂದು ಸುತ್ತಿಗೆ ಎರಡು ಕಿಲೋಮೀಟರ್‌ಗೆ ಸ್ವಲ್ಪವೇ ಕಡಿಮೆ. ಹಿರಿಯರನ್ನು ಪೂರ್ತಿ ನಡೆಸುವ ಹಟ ಬೇಡ. ಕೆರೆ ದಾಟಿಸಲು ದೋಣಿ ಇದೆ, ಆಚೆ ದಡದಲ್ಲಿ ಅಮೆರಿಕದ ಮಂಟಪವಾದ ಅಮೆರಿಕನ್ ಅಡ್ವೆಂಚರ್‌ನ ತಂಪು ಸಭಾಂಗಣದಲ್ಲಿ ಅರ್ಧ ಗಂಟೆ ಕುಳಿತು ಪ್ರದರ್ಶನ ನೋಡಬಹುದು.

ನೀರಿನ ವಿಷಯ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಹಿರಿಯರು, ಅದರಲ್ಲೂ ಹೆಂಗಸರು, ಶೌಚಾಲಯ ಹುಡುಕಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ಕರಾವಳಿಯಂಥ ಸೆಕೆ, ಮೈಯೆಲ್ಲ ಬೆವರು. ಮಧ್ಯಾಹ್ನದ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ. ಬಿ.ಪಿ.ಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಬೇಗ. ಸೋಡಾ ಯಂತ್ರ ಇರುವ ಯಾವುದೇ ಕ್ವಿಕ್ ಸರ್ವೀಸ್ (ನಾವೇ ಹೋಗಿ ಊಟ ಪಡೆಯುವ) ಕೌಂಟರಿನಲ್ಲಿ ಐಸ್ ಹಾಕಿದ ನೀರನ್ನು ಪುಕ್ಕಟೆ ಕೊಡುತ್ತಾರೆ, ಏನನ್ನೂ ಕೊಳ್ಳಬೇಕಿಲ್ಲ. ಐಸ್ ಬೇಡ ಅಂದರೆ ಹಾಗೂ ಕೊಡುತ್ತಾರೆ. ಊಟದ ಹೊತ್ತಿನ ನೂಕುನುಗ್ಗಲಿನಲ್ಲೂ ಒಂದೇ ಸಲಕ್ಕೆ ಆರು ಲೋಟ ತುಂಬಿ ಟ್ರೇನಲ್ಲಿಟ್ಟು ಕೊಟ್ಟ ಕೌಂಟರಿನವರೆಲ್ಲ ಚೆನ್ನಾಗಿರಲಿ. ಊರಿಂದ ಬರುವಾಗಲೇ ಒಆರ್‌ಎಸ್ ಪುಡಿಯ ಪೊಟ್ಟಣಗಳನ್ನು ತಂದಿಟ್ಟುಕೊಳ್ಳಿ. ಒಂದು ಪೊಟ್ಟಣಕ್ಕೆ ಅದರ ಮೇಲೆ ಬರೆದಷ್ಟೇ ನೀರು ಹಾಕಬೇಕು, ಗಟ್ಟಿಯಾಗಿ ಕಲಸಿದರೆ ಉಪಕಾರಕ್ಕಿಂತ ಅಪಕಾರ ಹೆಚ್ಚು. ಹೃದಯದ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಕುಡಿಯಲಿ.

ನಾಲ್ಕೂ ಪಾರ್ಕುಗಳಲ್ಲಿ ಫಸ್ಟ್ ಏಡ್ ಕೇಂದ್ರವಿದೆ. ಮ್ಯಾಜಿಕ್ ಕಿಂಗ್‌ಡಂನಲ್ಲಿ ಅದು ಮೇನ್ ಸ್ಟ್ರೀಟ್ ಮುಗಿಯುವಲ್ಲಿ, ಕ್ರಿಸ್ಟಲ್ ಪ್ಯಾಲೇಸ್ ಹೋಟೆಲಿನ ಪಕ್ಕ. ಕಾಲಿನ ಬೊಬ್ಬೆಗೆ ಪಟ್ಟಿ, ಮಲಗಿ ಸುಧಾರಿಸಿಕೊಳ್ಳಲು ಹಾಸಿಗೆ, ಇನ್ಸುಲಿನ್ ಇಡಲು ಫ್ರಿಜ್ಜು, ಬಳಸಿದ ಸೂಜಿ ಹಾಕಲು ಪ್ರತ್ಯೇಕ ಡಬ್ಬಿ, ಎಲ್ಲ ಇದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ಬ್ಯಾಗಿನಲ್ಲಿಟ್ಟು ಬಿಸಿಲಲ್ಲಿ ಹೊತ್ತು ತಿರುಗುವ ಅಗತ್ಯವೇ ಇಲ್ಲ. ಅಲ್ಲಿನ ನರ್ಸುಗಳು ಹಿರಿಯರೊಡನೆ ಮಾತಾಡುವಾಗ ಮಗನ ಮುಖ ನೋಡುವುದಿಲ್ಲ, ಹಿರಿಯರ ಮುಖವನ್ನೇ ನೋಡಿ ಕೇಳಿ, ಅನುವಾದ ಆಗುವವರೆಗೂ ಕಾಯುತ್ತಾರೆ. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಇದು ಸುಲಭಕ್ಕೆ ಸಿಗುವುದಿಲ್ಲ.

ಪಕ್ಕದಲ್ಲೇ ಬೇಬಿ ಕೇರ್ ಸೆಂಟರ್. ಹಾಲೂಡಿಸಲು ಮರೆ, ಬಟ್ಟೆ ಬದಲಿಸಲು ಮೇಜು, ಮಗುವಿನ ಊಟ ಬಿಸಿಮಾಡಲು ಮೈಕ್ರೋವೇವ್. ತಪ್ಪಿಸಿಕೊಂಡ ಮಕ್ಕಳನ್ನು ಕೊನೆಗೆ ಕರೆತರುವುದೂ ಇಲ್ಲಿಗೇ. ಎದೆಯ ಮೇಲೆ ಹೆಸರಿನ ಪಟ್ಟಿ ಇರುವವರ ಹತ್ತಿರ ಹೋಗು ಎಂದು ಮಗುವಿಗೆ ಮೊದಲೇ ಹೇಳಿಕೊಟ್ಟು, ತೋಳಿನ ಮೇಲೆ ಫೋನ್ ನಂಬರ್ ಬರೆದಿಡಿ. ಕನ್ನಡ ಮಾತ್ರ ಬಲ್ಲ ಅಜ್ಜ ಅಜ್ಜಿಗೂ ಇದೇ ವ್ಯವಸ್ಥೆ ಬೇಕು. ಒಂದು ಕಾರ್ಡಿನಲ್ಲಿ ಹೆಸರು, ಮಾತಾಡುವ ಭಾಷೆ ಕನ್ನಡ, ಕರೆ ಮಾಡಬೇಕಾದ ನಂಬರ್, ತೆಗೆದುಕೊಳ್ಳುವ ಮಾತ್ರೆ, ಇಷ್ಟನ್ನು ಇಂಗ್ಲಿಷಿನಲ್ಲಿ ಬರೆದು ಜೇಬಿನಲ್ಲಿಡಿ. ಊರಿನ ಸಿಮ್ ಇಟ್ಟುಕೊಂಡವರು ನಂಬರಿಗೆ ಮೊದಲು ದೇಶದ ಕೋಡ್ ಬರೆಯುವುದನ್ನು ಮರೆಯುತ್ತಾರೆ. ಅದಿಲ್ಲದಿದ್ದರೆ ಸಹಾಯ ಮಾಡಲು ಬಂದವರ ಕರೆ ಹೋಗುವುದೇ ಇಲ್ಲ.

ಎತ್ತರ ಸಾಲದ ಮಗು ಜೊತೆಗಿದ್ದರೆ ಗಂಡ ಹೆಂಡತಿಯಲ್ಲಿ ಒಬ್ಬರು ರೈಡ್ ಬಿಡಬೇಕಿಲ್ಲ. ಉದಾಹರಣೆಗೆ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 38 ಇಂಚು, ಸ್ಪೇಸ್ ಮೌಂಟನ್‌ಗೆ 44 ಇಂಚು ಬೇಕು. ಇಡೀ ಬಳಗ ಒಟ್ಟಿಗೆ ಪ್ರವೇಶದ್ವಾರಕ್ಕೆ ಹೋಗಿ ರೈಡರ್ ಸ್ವಿಚ್ ಅಂತ ಕೇಳಿ. ಮೊದಲ ಗುಂಪು ಕ್ಯೂನಲ್ಲಿ ಹೋಗಿ ಬರುವವರೆಗೆ ಒಬ್ಬರು ಮಗುವಿನ ಜೊತೆ ಹೊರಗಿರುತ್ತಾರೆ, ಆಮೇಲೆ ಅವರಿಗೆ ಲೈಟ್ನಿಂಗ್ ಲೇನ್ ಎಂಬ, ಬೇಗ ಸಾಗುವ ಬೇರೆ ಸಾಲಿನ ಬಾಗಿಲಿನಿಂದ ಪ್ರವೇಶ. ಮಗು ಜೊತೆಗಿಲ್ಲದೆ ಹೋಗಿ ಕೇಳಿದರೆ ಕೊಡುವುದಿಲ್ಲ. ಅಳತೆ ಕೋಲಿನ ಹತ್ತಿರ ಅಳು ಶುರುವಾಗುವುದು ಸಹಜ. ಅರ್ಧ ಇಂಚು ಕಡಿಮೆ ಇದೆ, ಬಿಟ್ಟುಬಿಡಿ ಎಂದು ದಯವಿಟ್ಟು ಒತ್ತಾಯ ಮಾಡಬೇಡಿ. ಆ ಅಳತೆ ಮಗುವನ್ನು ಹಿಡಿದಿಡುವ ಸರಳಿನ ಲೆಕ್ಕಕ್ಕೆ ಸೇರಿದ್ದು. ಇಲ್ಲ ಎಂದು ಹೇಳಿದವರೂ ಮಗುವಿಗೆ ಉಪಕಾರವನ್ನೇ ಮಾಡಿದ್ದಾರೆ, ಅವರಿಗೂ ನಮ್ಮ ವಂದನೆ.

ಊಟದ ಮಾತು. ಹೊರಗಿನ ಊಟ ಒಳಗೆ ತರಲು ಬಿಡುತ್ತಾರೆ. ಗಾಜಿನ ಡಬ್ಬಿ, ಮದ್ಯ, ಬಿಡಿ ಐಸ್ ಮಾತ್ರ ಆಗದು. ಚಪಾತಿ, ಪುಳಿಯೋಗರೆ, ಹಚ್ಚಿದ ಅವಲಕ್ಕಿ, ಕೋಡುಬಳೆ ಆರಾಮಾಗಿ ತರಬಹುದು, ಮೊಸರನ್ನ ಮಾತ್ರ ಆ ಸೆಕೆಗೆ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ಹೋಟೆಲಿನಲ್ಲಿ ತಿನ್ನುವಾಗ ವೆಜಿಟೇರಿಯನ್ ಅಂದರೆ ಸಾಲದು. ಮಾಂಸ, ಮೀನು, ಮೊಟ್ಟೆ ಬೇಡ, ಹಾಲು ಮೊಸರು ಆಗುತ್ತದೆ ಎಂದು ಬಿಡಿಸಿ ಹೇಳಿ, ಅನ್ನವನ್ನು ಕೋಳಿಯ ಸ್ಟಾಕ್‌ನಲ್ಲಿ (ಕೋಳಿ ಬೇಯಿಸಿದ ರಸದಲ್ಲಿ) ಬೇಯಿಸಿದ್ದಾರಾ ಎಂದು ವಿಚಾರಿಸಿ. ಮೇಜಿಗೆ ಬಡಿಸುವ ಹೋಟೆಲುಗಳಲ್ಲಿ ಕೇಳಿಕೊಂಡರೆ ಅಡುಗೆಯವರೇ ಹೊರಗೆ ಬಂದು, ಏನು ಆಗುತ್ತದೆ ಏನು ಆಗುವುದಿಲ್ಲ ಎಂದು ವಿಚಾರಿಸಿ ಹೋಗುತ್ತಾರೆ. ಅನಿಮಲ್ ಕಿಂಗ್‌ಡಂ ಲಾಡ್ಜ್‌ನ ಸನಾ ಹೋಟೆಲಿನ ರೊಟ್ಟಿಗಳ ತಟ್ಟೆ ಹಿರಿಯರ ನಾಲಿಗೆಗೆ ಹತ್ತಿರ. ಐದು ಬಗೆಯ ರೊಟ್ಟಿ, ಒಂಬತ್ತು ಬಗೆಯ ಚಟ್ನಿ, ಉಪ್ಪಿನಕಾಯಿ, ರಾಯಿತ. ಕಿಟಕಿಯಾಚೆ ಜಿರಾಫೆ. ಜಾಗ 60 ದಿನ ಮೊದಲೇ ಕಾಯ್ದಿರಿಸಬಹುದು.

ಎಲ್ಲ ಪಾರ್ಕುಗಳ ಗೆಸ್ಟ್ ರಿಲೇಶನ್ಸ್‌ನಲ್ಲಿ, ಅಂದರೆ ಅತಿಥಿಗಳ ವಿಚಾರಣೆಯ ಕೌಂಟರಿನಲ್ಲಿ, ಎದೆಗೆ ಸಿಕ್ಕಿಸುವ ಬಿಲ್ಲೆಯನ್ನು ಪುಕ್ಕಟೆ ಕೊಡುತ್ತಾರೆ. 'ಐ ಆ್ಯಮ್ ಸೆಲೆಬ್ರೇಟಿಂಗ್' ಬಿಲ್ಲೆಯ ಮೇಲೆ ಕನ್ನಡದಲ್ಲೇ 'ಎಪ್ಪತ್ತು' ಎಂದು ಬರೆದರೂ ಆದೀತು, ಅರ್ಥ ಕೇಳಿಕೊಂಡು ಶುಭಾಶಯ ಹೇಳುವವರು ಸಿಗುತ್ತಾರೆ. ಫೋಟೋಪಾಸ್ ಎಂಬ ಡಿಸ್ನಿಯದೇ ಸೇವೆಯ ಛಾಯಾಗ್ರಾಹಕರಿಗೆ ನಿಮ್ಮ ಫೋನನ್ನೇ ಕೊಟ್ಟರೂ ಹಣವಿಲ್ಲದೆ ತೆಗೆದುಕೊಡುತ್ತಾರೆ, ಮನೆಯವರಲ್ಲಿ ಒಬ್ಬರು ಫೋಟೋದಿಂದ ಹೊರಗುಳಿಯುವುದು ತಪ್ಪುತ್ತದೆ. ಮಗುವಿನ ಕೈಯಿಂದ ಐಸ್‌ಕ್ರೀಮ್ ಬಿದ್ದಾಗ ಹೊಸದು ತಂದುಕೊಡುವುದೂ ಉಂಟು. ಅದು ಅವರಾಗಿ ಮಾಡುವ ಪ್ರೀತಿ, ಕೇಳಿ ಪಡೆಯುವಂಥದ್ದಲ್ಲ.

ರಾತ್ರಿ ಪಟಾಕಿ ಪ್ರದರ್ಶನ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಹಿರಿಯರಿದ್ದರೆ ಅರ್ಧ ಗಂಟೆ ಕುಳಿತೇ ಇರಿ. ಬಸ್ಸಿನಲ್ಲಿ ವೀಲ್‌ಚೇರ್‌ನವರಿಗೆ ಮೊದಲ ಪ್ರವೇಶ. ಚಾಲಕರು ಇಳಿಜಾರು ಹಲಗೆ ಇಳಿಸಿ, ಗಾಡಿಯನ್ನು ನೆಲಕ್ಕೆ ಪಟ್ಟಿಗಳಿಂದ ಬಿಗಿದು, ಒಮ್ಮೆ ಅಲುಗಾಡಿಸಿ ನೋಡಿ, ಆಮೇಲೆ ಉಳಿದವರನ್ನು ಹತ್ತಿಸುತ್ತಾರೆ. ನಿದ್ದೆಗಣ್ಣಿನ ಮಕ್ಕಳನ್ನು ಹೆಗಲ ಮೇಲೆ ಹೊತ್ತ ಇಡೀ ಸಾಲು ಅಷ್ಟು ಹೊತ್ತು ಹೊರಗೆ ಕಾಯುತ್ತದೆ.

ಕಾಸ್ಟ್ ಮೆಂಬರ್‌ಗಳು ಸಾಮಾನ್ಯವಾಗಿ ಟಿಪ್ಸ್ ತೆಗೆದುಕೊಳ್ಳುವುದಿಲ್ಲ. ಮೇಜಿಗೆ ಬಡಿಸುವವರು, ಸಾಮಾನು ಹೊರುವವರ ಮಾತು ಬೇರೆ. ಅಮ್ಮ ಪ್ರೀತಿಯಿಂದ ಕೈಗೆ ತುರುಕಿದ ಐದು ಡಾಲರನ್ನು ಅವರು ವಾಪಸ್ ಕೊಟ್ಟರೆ ಬೇಜಾರು ಬೇಡ. ಅದಕ್ಕಿಂತ ಉಪಯೋಗದ್ದು ಡಿಸ್ನಿಯ ಆ್ಯಪ್‌ನಲ್ಲಿರುವ ಕಾಸ್ಟ್ ಕಾಂಪ್ಲಿಮೆಂಟ್, ಅಂದರೆ ಸಿಬ್ಬಂದಿಯ ಬಗ್ಗೆ ಮೆಚ್ಚುಗೆ ಬರೆಯುವ ಜಾಗ. ಪಟ್ಟಿಯ ಮೇಲಿನ ಹೆಸರು, ಊರು, ಯಾವ ರೈಡ್, ಎಷ್ಟು ಗಂಟೆಗೆ, ಏನು ಮಾಡಿದರು, ಇಷ್ಟನ್ನು ಅಲ್ಲೇ ಫೋನಿನಲ್ಲಿ ಗುರುತು ಮಾಡಿಕೊಂಡರೆ ರಾತ್ರಿ ಬರೆಯಬಹುದು. ತುಂಬಾ ಒಳ್ಳೆಯವರು ಎಂದು ಬರೆಯುವುದಕ್ಕಿಂತ, ಅಮ್ಮನಿಗಾಗಿ ಬೆಲ್ಟ್ ನಿಲ್ಲಿಸಿದರು ಎಂದು ಬರೆಯಿರಿ. ಅದು ಅವರಿಗೂ ಅವರ ಮೇಲಿನವರಿಗೂ ತಲುಪುತ್ತದೆ. ನಾವು ಹೆಸರು ಗುರುತಿಟ್ಟವರಿಗೆಲ್ಲ ಬರೆದು ಕಳಿಸಿದ್ದೇವೆ.

ಹೆಸರಿನ ಪಟ್ಟಿ ಇಲ್ಲದವರಿಗೆ ಅಂಥ ದಾರಿ ಇಲ್ಲ, ಅವರಿಗೆ ಈ ಬರಹ. ಗುಡುಗು ಮಳೆ ಬಂದಾಗ ನಿಲ್ಲಿಸಿಟ್ಟ ಸ್ಟ್ರೋಲರ್‌ಗಳ ಸಾಲಿನಲ್ಲಿ ತಮ್ಮದರ ಜೊತೆ ಪಕ್ಕದವರದ್ದಕ್ಕೂ ಹೊದಿಕೆ ಎಳೆದವರು, ಮೆರವಣಿಗೆಯ ಹೊತ್ತಿಗೆ ಗಂಟೆಗಟ್ಟಲೆ ಕಾದು ಹಿಡಿದ ಅಂಚಿನ ಜಾಗದಲ್ಲಿ ಗುರುತಿಲ್ಲದ ಮಕ್ಕಳನ್ನು ಮುಂದೆ ಕೂರಿಸಿಕೊಂಡವರು, ಶೌಚಾಲಯಕ್ಕೆ ಹೋಗಿಬಂದ ಮಗುವನ್ನೂ ತಾಯಿಯನ್ನೂ ಕ್ಯೂನಲ್ಲಿ ಗೊಣಗದೆ ಮುಂದೆ ಬಿಟ್ಟವರು, ಬಸ್ಸಿನಲ್ಲಿ ಅಜ್ಜನಿಗೆ ಎದ್ದು ಸೀಟು ಕೊಟ್ಟ ಹುಡುಗರು, ನಿಮಗೆಲ್ಲ ನಮ್ಮ ಮನೆಯ ಹಿರಿಯರ ಪರವಾಗಿ ಕೈಮುಗಿದು ನಮಸ್ಕಾರ.